ಮನೆಯ ಕೋಣೆಗೂ ಅರವತ್ತು ಜನರ ಬೈಠಕ್ಕಿಗೂ ಒಂದೇ ಜೋಡಿ ಸ್ಪೀಕರ್ ಸಾಕಾಗುವುದೇ?

ಮಾಳಮಡ್ಡಿಯ ಕೇಳುಗ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಾವು ಕೆಲವು ಸ್ನೇಹಿತರು ಸೇರಿ ತಿಂಗಳಿಗೊಮ್ಮೆ ಹಳೆಯ ಧ್ವನಿಮುದ್ರಿಕೆಗಳನ್ನು ಕೇಳುವ ಬೈಠಕ್ ನಡೆಸುತ್ತ ಬಂದಿದ್ದೇವೆ. ಮೊದಲು ನಮ್ಮ ಮನೆಯಲ್ಲಿಯೇ ನಡೆಯುತ್ತಿದ್ದ ಈ ಕೂಟಕ್ಕೆ ಈಗ ಐವತ್ತು ಅರವತ್ತು ಜನ ಬರತೊಡಗಿರುವುದರಿಂದ, ಹತ್ತಿರದ ಸಮುದಾಯ ಭವನದ ಚಿಕ್ಕ ಸಭಾಗೃಹವನ್ನು ಕೇಳಿ ಪಡೆದಿದ್ದೇವೆ. ಕೇಳುವುದು ಹೆಚ್ಚಾಗಿ ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಕುಮಾರ ಗಂಧರ್ವ ಇವರ ಗಾಯನ. ನಡುವೆ ದೊರೆಸ್ವಾಮಿ ಅಯ್ಯಂಗಾರರ ವೀಣೆ. ಎಲ್.ಪಿ.ಗಳೇ ಅಧಿಕ, ಕೆಲವು 78ರ (ನಿಮಿಷಕ್ಕೆ 78 ಸುತ್ತು ತಿರುಗುವ) ತಟ್ಟೆಗಳೂ ಇವೆ.

ನನ್ನ ಕೋಣೆ 12 ಅಡಿ ಅಗಲ, 15 ಅಡಿ ಉದ್ದ, 10 ಅಡಿ ಎತ್ತರವಿದ್ದು, ಶಹಾಬಾದಿ ಫರಸಿಯ ನೆಲ, ಒಂದು ಗೋಡೆಯುದ್ದಕ್ಕೂ ಪುಸ್ತಕದ ಕಪಾಟು ಇದೆ. ಸಭಾಗೃಹ 20 ಅಡಿ ಅಗಲ, 40 ಅಡಿ ಉದ್ದ, 11 ಅಡಿ ಎತ್ತರ. ಅಲ್ಲಿ ಬರಿಯ ಗಿಲಾವಿನ ಗೋಡೆ, ಕಾಂಕ್ರೀಟಿನ ಚಾವಣಿ, ಆರು ಫ್ಯಾನುಗಳು. ಜನ ಜಮಖಾನೆಯ ಮೇಲೆ ಕುಳಿತು ಕೇಳುತ್ತಾರೆ. ಕೊನೆಯ ಸಾಲು ಸ್ಪೀಕರಿನಿಂದ ಸುಮಾರು 26 ಅಡಿ ದೂರದಲ್ಲಿರುತ್ತದೆ.

ಈಗ ನನ್ನಲ್ಲಿರುವುದು 8 ಓಮ್‌ಗೆ 50 ವ್ಯಾಟ್ ಕೊಡುವ ಆಂಪ್ಲಿಫಯರ್ ಮತ್ತು ಐದೂಕಾಲು ಇಂಚಿನ ವೂಫರ್ (ತಗ್ಗು ಸ್ವರಗಳ ಭಾಗ) ಇರುವ ಹಳೆಯ ಚಿಕ್ಕ ಸ್ಪೀಕರುಗಳು. ವೂಫರಿನ ಅಂಚಿನ ಫೋಮ್ ಪುಡಿಯಾಗುತ್ತಿರುವುದರಿಂದ ಹೇಗೂ ಹೊಸದನ್ನು ಕೊಳ್ಳಬೇಕಾಗಿದೆ. ಇವನ್ನೇ ಸಭಾಗೃಹಕ್ಕೆ ಒಯ್ದಾಗ ಮುಂದಿನ ಸಾಲಿನವರಿಗೆ ಸದ್ದು ಜೋರಾಯಿತು. ಹಿಂದಿನವರಿಗೆ ಸದ್ದು ಕೇಳಿಸಿತೇ ಹೊರತು ಬಂದಿಶಿನ (ಹಾಡುವ ರಚನೆಯ) ಮಾತು ತಿಳಿಯಲಿಲ್ಲ, ತಾನಪುರ ಕರಗಿಹೋಯಿತು, ತಬಲೆಯ ಜೊತೆಯ ಡಗ್ಗಾದ ನಾದ ಗುಂಯ್‌ಗುಟ್ಟಿತು. ಒಂದು ಅಂಗಡಿಯಲ್ಲಿ ವಿಚಾರಿಸಿದರೆ ಹೆಚ್ಚು ವ್ಯಾಟಿನದನ್ನು ಕೊಳ್ಳಿರಿ ಎಂಬ ಒಂದೇ ಉತ್ತರ ದೊರೆಯಿತು. ನಾನು ತೆಗೆದಿರಿಸಿರುವ ಹಣ 1,20,000 ರೂಪಾಯಿ. ಮನೆಗೂ ಬೈಠಕ್ಕಿಗೂ ಒಪ್ಪುವ ಒಂದೇ ಜೋಡಿಯನ್ನು ಕೊಳ್ಳುವುದು ಸರಿಯೋ, ಅಥವಾ ಎರಡನ್ನೂ ಬೇರೆ ಬೇರೆಯಾಗಿ ಯೋಚಿಸಬೇಕೋ ದಯವಿಟ್ಟು ತಿಳಿಸಿರಿ.

ಧ್ವನಿವ್ಯವಸ್ಥೆ, ಹುಬ್ಬಳ್ಳಿ

ಮಾನ್ಯರೆ, ಚಿಕ್ಕ ಸಭೆಗಳಿಗೆ ಧ್ವನಿವ್ಯವಸ್ಥೆ ಮಾಡುವುದು ನನ್ನ ಕಸುಬು. ಮನೆಯಲ್ಲಿ ಸಂಗೀತ ಕೇಳುವುದು ಹವ್ಯಾಸ. ಎರಡನ್ನೂ ಬೇರೆ ಮಾಡಿರೆಂಬುದೇ ನನ್ನ ಸಲಹೆ. ಅದರ ಕಾರಣವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಕಾರಣ ತಿಳಿದರೆ ಅಂಗಡಿಯಲ್ಲಿ ಏನನ್ನು ಕೇಳಬೇಕೆಂಬುದು ತಾನಾಗಿ ಹೊಳೆಯುತ್ತದೆ.

ಸ್ಪೀಕರಿನ ಮೇಲೆ ಬರೆದಿರುವ ವ್ಯಾಟ್ ಎಂದರೆ ಅದು ತಾಳಿಕೊಳ್ಳಬಲ್ಲ ಶಕ್ತಿಯೇ ಹೊರತು ಹೊರಡಿಸುವ ನಾದವಲ್ಲ. ನೋಡಬೇಕಾದುದು ಅದರ ಸೆನ್ಸಿಟಿವಿಟಿಯನ್ನು, ಅಂದರೆ ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಬರುತ್ತದೆ ಎಂಬುದನ್ನು. ನಿಮ್ಮ ಈಗಿನ ಸ್ಪೀಕರಿನಂಥವು ಸಾಮಾನ್ಯವಾಗಿ 85ರ ಆಸುಪಾಸಿನಲ್ಲಿರುತ್ತವೆ. ಶಕ್ತಿ ಇಮ್ಮಡಿಯಾದಾಗ 3 ಡೆಸಿಬೆಲ್ ಏರುತ್ತದೆ, ದೂರ ಇಮ್ಮಡಿಯಾದಾಗ ನೇರ ಧ್ವನಿ 6 ಡೆಸಿಬೆಲ್ ಇಳಿಯುತ್ತದೆ. ನಿಮ್ಮ 50 ವ್ಯಾಟನ್ನೂ ಬಳಸಿದರೆ ಒಂದು ಮೀಟರಿನಲ್ಲಿ 102 ಡೆಸಿಬೆಲ್. 26 ಅಡಿ ಎಂದರೆ 8 ಮೀಟರ್, ಅಲ್ಲಿಗೆ ಅದು 84 ಆಗುತ್ತದೆ, ಎರಡು ಸ್ಪೀಕರ್ ಸೇರಿ 87. ಇದು ತಬಲೆಯ ಪೆಟ್ಟಿನಂಥ ಗರಿಷ್ಠ ಕ್ಷಣದ ಲೆಕ್ಕ. ಸಾಮಾನ್ಯ ಮಟ್ಟ ಅದಕ್ಕಿಂತ ಹದಿನೈದು ಡೆಸಿಬೆಲ್ ಕೆಳಗಿರುವುದರಿಂದ, ವಿಲಂಬಿತ ಆಲಾಪದ ಮಂದ್ರದ ಸ್ವರಗಳು ಆರು ಫ್ಯಾನುಗಳ ಸದ್ದಿನಲ್ಲಿ ಮುಳುಗುವುದು ಸಹಜ. ಅದೇ ಆಂಪ್ಲಿಫಯರಿಗೆ 97 ಡೆಸಿಬೆಲಿನ ಸ್ಪೀಕರ್ ಜೋಡಿಸಿದರೆ ಕೊನೆಯ ಸಾಲಿಗೆ 99 ತಲುಪುತ್ತದೆ. ಅಷ್ಟನ್ನೇ 85ರ ಪೆಟ್ಟಿಗೆಯಿಂದ ಪಡೆಯಲು 800 ವ್ಯಾಟ್ ಬೇಕು. ಅಷ್ಟು ಶಕ್ತಿಯನ್ನು ಅದರೊಳಗಿನ ತಂತಿಯ ಸುರುಳಿ ತಾಳಲಾರದು.

ಆದರೆ ನಿಮ್ಮ ನಿಜವಾದ ತೊಂದರೆ ಇದಕ್ಕಿಂತ ಆಳವಾದದ್ದು. ಹಿಂದಿನವರಿಗೆ ಸದ್ದು ಕೇಳಿಸಿತು, ಮಾತು ತಿಳಿಯಲಿಲ್ಲ ಎಂದು ನೀವೇ ಬರೆದಿದ್ದೀರಿ. ನಿಮ್ಮ ಸಭಾಗೃಹದ ಘನ ಅಳತೆ ಸುಮಾರು 250 ಘನಮೀಟರ್. ಗಿಲಾವು, ಕಾಂಕ್ರೀಟು, ಕಲ್ಲು ಇವು ನಾದವನ್ನು ಹೀರುವುದು ತೀರ ಕಡಿಮೆಯಾದ್ದರಿಂದ, ಖಾಲಿ ಇದ್ದಾಗ ಅಲ್ಲಿ ಒಂದು ಧ್ವನಿ ಪೂರ್ತಿ ಅಡಗಲು ಸುಮಾರು ಮೂರು ಸೆಕೆಂಡು ಹಿಡಿಯುತ್ತದೆ. ಅರವತ್ತು ಜನ ಕುಳಿತಾಗ ಅದು ಒಂದು ಸೆಕೆಂಡಿನ ಹತ್ತಿರಕ್ಕೆ ಇಳಿಯುತ್ತದೆ, ಏಕೆಂದರೆ ಮನುಷ್ಯರ ಮೈ ಮತ್ತು ಬಟ್ಟೆಗಳೇ ಅತ್ಯುತ್ತಮ ಹೀರುಗಗಳು. ಹಾರ್ವರ್ಡಿನ ವ್ಯಾಲೇಸ್ ಸಬೈನ್ 1895ರ ನಂತರದ ವರ್ಷಗಳಲ್ಲಿ ಒಂದು ಉಪನ್ಯಾಸ ಮಂದಿರಕ್ಕೆ ನಾಟಕಶಾಲೆಯ ದಿಂಬುಗಳನ್ನು ರಾತ್ರಿಯ ಹೊತ್ತು ಹೊರಿಸಿ ತಂದು, ದಿಂಬು ಹೆಚ್ಚಿದಂತೆ ಅನುರಣನ (ಧ್ವನಿ ನಿಂತ ಮೇಲೂ ಉಳಿಯುವ ಮೊಳಗು) ಎಷ್ಟು ಕಡಿಮೆಯಾಗುತ್ತದೆಂದು ಅಳೆದು ಈ ಲೆಕ್ಕದ ಸೂತ್ರವನ್ನು ಕಂಡುಕೊಂಡರು. ನಮ್ಮ ಗಾದಿ, ಲೋಡು, ಜಮಖಾನೆಗಳು ಮಾಡುವುದೂ ಅದೇ ಕೆಲಸ. ಆದ್ದರಿಂದ ಖಾಲಿ ಸಭಾಗೃಹದಲ್ಲಿ ಪರೀಕ್ಷಿಸಿ ಯಾವ ಸ್ಪೀಕರನ್ನೂ ತಳ್ಳಿಹಾಕಬೇಡಿರಿ, ಒಪ್ಪಿಕೊಳ್ಳಲೂ ಬೇಡಿರಿ.

ಮನೆಯ ಸ್ಪೀಕರು ನಾದವನ್ನು ಸುತ್ತಲೂ ಹರಡುತ್ತದೆ. ದೊಡ್ಡ ಕೋಣೆಯಲ್ಲಿ ಮೂರ್ನಾಲ್ಕು ಮೀಟರ್ ದಾಟುವಷ್ಟರಲ್ಲಿ ನೇರವಾಗಿ ಬಂದ ಧ್ವನಿಗಿಂತ ಗೋಡೆ ಚಾವಣಿಗಳಿಂದ ಮರಳಿ ಬಂದದ್ದೇ ಮೇಲಾಗುತ್ತದೆ, ವ್ಯಂಜನಗಳು ಅಳಿಸಿಹೋಗುತ್ತವೆ. ವಾಲ್ಯೂಮ್ ಏರಿಸಿದರೆ ಎರಡೂ ಒಟ್ಟಿಗೆ ಏರುವುದರಿಂದ ಏನೂ ಪ್ರಯೋಜನವಾಗದು. ಹಾರ್ನ್ (ಕಹಳೆಯ ಬಾಯಿಯಂಥ ಭಾಗ) ಇರುವ, ನಾದವನ್ನು ಜನರತ್ತಲೇ ತೂರುವ ಪೆಟ್ಟಿಗೆ ಅಲ್ಲಿಗೆ ಬೇಕು. ಅಡ್ಡಲಾಗಿ 90 ಡಿಗ್ರಿ, ಮೇಲುಕೆಳಗಾಗಿ 60 ಡಿಗ್ರಿಯಷ್ಟು ಹರವು ಇದ್ದರೆ ನಿಮಗೆ ಸಾಕು. ಅದನ್ನು ಆರಡಿ ಎತ್ತರಕ್ಕೇರಿಸಿ ಸ್ವಲ್ಪ ಕೆಳಕ್ಕೆ ಬಾಗಿಸಿ ಇಡಿರಿ. ನೆಲದ ಮೇಲೆ ಕುಳಿತವರ ಕಿವಿ ಎರಡೂವರೆ ಅಡಿ ಎತ್ತರದಲ್ಲಿರುವುದರಿಂದ, ಮೇಜಿನ ಮೇಲೆ ಇಟ್ಟ ಸ್ಪೀಕರಿನ ಟ್ವೀಟರಿಗೆ, ಅಂದರೆ ಮೇಲಿನ ಸ್ವರಗಳ ಭಾಗಕ್ಕೆ, ಮುಂದಿನ ಸಾಲಿನ ತಲೆಗಳೇ ಅಡ್ಡವಾಗುತ್ತವೆ.

ಚಾಮರಾಜಪುರಂ, ಮೈಸೂರು

ಹುಬ್ಬಳ್ಳಿಯವರ ಮಾತನ್ನು ಒಪ್ಪುತ್ತೇನೆ. ಮನೆಯ ಕೋಣೆಯ ಬಗೆಗೆ ಮಾತ್ರ ಬರೆಯುತ್ತೇನೆ. ದಿನವೂ ಕೇಳುವ ಸ್ಥಳವೇ ಅದಾದ್ದರಿಂದ ಹಣದ ಹೆಚ್ಚಿನ ಪಾಲು ಅಲ್ಲಿಗೆ ಸಲ್ಲಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಚಿಕ್ಕ ಪೆಟ್ಟಿಗೆ, ಆಳವಾದ ತಗ್ಗು ಸ್ವರ, ಹೆಚ್ಚಿನ ಸೆನ್ಸಿಟಿವಿಟಿ ಈ ಮೂರೂ ಒಟ್ಟಿಗೆ ಸಿಗುವುದಿಲ್ಲ; ಎರಡನ್ನು ಪಡೆದರೆ ಮೂರನೆಯದನ್ನು ಬಿಡಬೇಕೆಂಬುದು ಭೌತವಿಜ್ಞಾನದ ನಿಯಮ. ಆದುದರಿಂದ ನಿಮ್ಮ ಸಂಗೀತಕ್ಕೆ ಎಷ್ಟು ತಗ್ಗು ಬೇಕೆಂದು ಮೊದಲು ನೋಡಿರಿ. ಕಪ್ಪು ಒಂದರಲ್ಲಿ (ಹಾರ್ಮೋನಿಯಮ್ಮಿನ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ) ಹಾಡುವ ಗಾಯಕರ ಷಡ್ಜ ಸುಮಾರು 139 ಹರ್ಟ್ಸ್, ತಾನಪುರದ ಖರ್ಜದ (ಅತಿ ತಗ್ಗಿನ ಷಡ್ಜದ) ತಂತಿ ಅದರ ಅರ್ಧ, ಸುಮಾರು 69 ಹರ್ಟ್ಸ್. 60 ಹರ್ಟ್ಸ್‌ವರೆಗೆ ಸ್ವಚ್ಛವಾಗಿ ಇಳಿಯುವ ಸ್ಪೀಕರ್ ನಿಮಗೆ ಸಾಕು. 30ಕ್ಕೆ ಇಳಿಯುವ ಸಬ್‌ವೂಫರಿಗೆ ಕೊಟ್ಟ ಹಣ ನಿಮ್ಮ ಕೋಣೆಯಲ್ಲಿ ಬರಿಯ ಗುಂಯ್‌ಕಾರವಾಗುತ್ತದೆ. 15 ಅಡಿ ಉದ್ದದ ಕೋಣೆ ಸುಮಾರು 37 ಹರ್ಟ್ಸ್‌ನಲ್ಲಿಯೂ ಅದರ ಇಮ್ಮಡಿಯಾದ 75ರಲ್ಲಿಯೂ ತಾನೇ ಮಿಡಿಯುತ್ತದೆ, 12 ಅಡಿಯ ಅಗಲ 47ರಲ್ಲಿ ಮಿಡಿಯುತ್ತದೆ. ಖರ್ಜದ ನೆರೆಯಲ್ಲಿಯೇ ಇರುವ ಆ 75 ಹರ್ಟ್ಸ್ ನಿಮ್ಮನ್ನು ಕಾಡುವುದು ಗೋಡೆಗೆ ಒರಗಿ ಕುಳಿತಾಗ. ಆಸನವನ್ನು ಹಿಂದಿನ ಗೋಡೆಯಿಂದ ನಾಲ್ಕಡಿಯಾದರೂ ಮುಂದಕ್ಕೆ, ಸ್ಪೀಕರುಗಳನ್ನು ಎದುರು ಗೋಡೆಯಿಂದ ಎರಡು ಮೂರು ಅಡಿ ಈಚೆಗೆ ತನ್ನಿರಿ. ಫರಸಿಯ ಮೇಲೆ ನವಲಗುಂದದ ಜಮಖಾನೆಯೊಂದನ್ನು ಹಾಸಿರಿ; ಇದು ನಿಮ್ಮ ಊರ ಸೀಮೆಯದೇ, ಟ್ವೀಟರಿನ ತೀಕ್ಷ್ಣತೆಯನ್ನು ಚೆನ್ನಾಗಿ ತಗ್ಗಿಸುತ್ತದೆ.

ತಾನಪುರದ ಜೀವ ಖರ್ಜದ ಮೂಲಸ್ವರಕ್ಕಿಂತ ಜವಾರಿಯಿಂದ, ಅಂದರೆ ತಂತಿಯ ಝೇಂಕಾರದಿಂದ, ಹುಟ್ಟುವ ಮೇಲಿನ ಅಂಶಸ್ವರಗಳಲ್ಲಿದೆ. ಆದ್ದರಿಂದ ಅಂಗಡಿಯಲ್ಲಿ ಅವರು ಹಾಕುವ ಪ್ರದರ್ಶನದ ಹಾಡುಗಳನ್ನು ನಿಲ್ಲಿಸಿ, ನೀವು ಚೆನ್ನಾಗಿ ಬಲ್ಲ ಒಂದು ಖಯಾಲಿನ ಮೊದಲ ಎರಡು ನಿಮಿಷವನ್ನು ಕೇಳಿರಿ. ಗಾಯಕರು ದನಿ ತೆಗೆಯುವ ಮುನ್ನ ನಾಲ್ಕು ತಂತಿಗಳೂ ಬಿಡಿಬಿಡಿಯಾಗಿ ಕೇಳಬೇಕು, ದನಿ ಬಂದ ಮೇಲೂ ಅವು ಅದರ ಹಿಂದೆ ನಿಂತಿರಬೇಕು. ಬಿ.ಬಿ.ಸಿ.ಯವರು 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವಾಹನಗಳಂಥ ಇಕ್ಕಟ್ಟಾದ ಜಾಗಕ್ಕೆಂದು ರೂಪಿಸಿದ ಎಲ್‌ಎಸ್3/5ಎ ಎಂಬ ಪುಟ್ಟ ಸ್ಪೀಕರು ಮನುಷ್ಯನ ಕಂಠಕ್ಕೆ ಇಂದಿಗೂ ಮಾದರಿಯಾಗಿದೆ. ಅದರ ಸೆನ್ಸಿಟಿವಿಟಿ 83ರಷ್ಟು ಮಾತ್ರ. ಎಂಟಡಿ ದೂರದಲ್ಲಿ ಕುಳಿತ ಒಬ್ಬ ಕೇಳುಗನಿಗೆ ಅದು ಸಾಕು, ಅರವತ್ತು ಜನರಿಗೆ ಅಲ್ಲ. ಅದೇ ಪರಂಪರೆಯ ಮುಚ್ಚಿದ ಪೆಟ್ಟಿಗೆಗಳನ್ನು, ಹಾಗೆಯೇ 2012ರಲ್ಲಿ ಬಂದ ಕೆಇಎಫ್ ಎಲ್‌ಎಸ್50ರಂತೆ ಟ್ವೀಟರನ್ನು ವೂಫರಿನ ನಡುವೆಯೇ ಇರಿಸಿದ ಮಾದರಿಗಳನ್ನು ಕೇಳಿ ನೋಡಿರಿ.

ಇನ್ನೊಂದು ಮಾತು. 24 ಇಂಚಿನ ಸ್ಟ್ಯಾಂಡುಗಳು ಕುರ್ಚಿಯಲ್ಲಿ ಕುಳಿತವರಿಗಾಗಿ ಮಾಡಿದವು. ನೀವು ಗಾದಿಯ ಮೇಲೆ ಕುಳಿತು ಕೇಳುವವರಾದರೆ ಬಡಿಗರಿಂದ ಗಿಡ್ಡ ಪೀಠಗಳನ್ನು ಮಾಡಿಸಿಕೊಳ್ಳಿರಿ.

ಹಾರ್ನ್ ಸ್ಪೀಕರಿನವರು, ಬೆಂಗಳೂರು

ಒಂದೇ ಜೋಡಿ ಅಸಾಧ್ಯವೆಂಬ ಮಾತನ್ನು ನಾನು ಒಪ್ಪಲಾರೆ. ಅಮೆರಿಕದ ಕ್ಲಿಪ್ಶ್ ಸಂಸ್ಥೆ 1957ರಿಂದ ತಯಾರಿಸುತ್ತಿರುವ ಹೆರೆಸಿ ಎಂಬ ಸ್ಪೀಕರಿಗೆ 12 ಇಂಚಿನ ವೂಫರ್, ಮಧ್ಯ ಮತ್ತು ಮೇಲಿನ ಸ್ವರಗಳಿಗೆ ಹಾರ್ನುಗಳು ಇವೆ. ಇತ್ತೀಚಿನ ಮಾದರಿಗೆ ತಯಾರಕರು ಕೊಡುವ ಸೆನ್ಸಿಟಿವಿಟಿ 99 ಡೆಸಿಬೆಲ್. ನಮ್ಮ ಮನೆಯಲ್ಲಿ ಹಳೆಯ ಜೋಡಿಯೊಂದಿದ್ದು, ಅದರಿಂದ ನಲವತ್ತು ಜನರ ಕೂಟಗಳನ್ನೂ ನಡೆಸಿದ್ದೇನೆ. ಆ ಗಾತ್ರದ ಸ್ಪೀಕರು ಗಾಯಕರನ್ನು ಎದುರಿಗೆ ತಂದು ಕೂರಿಸುವ ರೀತಿಯನ್ನು ಚಿಕ್ಕ ಪೆಟ್ಟಿಗೆಯಿಂದ ಪಡೆಯಲಾಗದು. ಹೊಸದು ನಿಮ್ಮ ಹಣಕ್ಕೆ ಎಟುಕದು, ಆದರೆ ಬಳಸಿದ್ದು ಸಿಕ್ಕರೆ ಬಿಡಬೇಡಿರಿ.

ಧ್ವನಿವ್ಯವಸ್ಥೆ, ಹುಬ್ಬಳ್ಳಿ

ಹೆರೆಸಿಯ ಬಗೆಗೆ ಬೆಂಗಳೂರಿನವರು ಹೇಳಿದ್ದು ನಿಜ. ಒಂದೇ ಜೋಡಿಯೇ ಆಗಬೇಕೆಂದರೆ ದಾರಿ ಅದೇ. ನನ್ನ ಹಿಂಜರಿಕೆಗೆ ಎರಡು ಕಾರಣಗಳಿವೆ. ಒಂದೊಂದು ಪೆಟ್ಟಿಗೆಯೂ ಇಪ್ಪತ್ತು ಕಿಲೋ ತೂಗುವ ಅದನ್ನು ತಿಂಗಳು ತಿಂಗಳೂ ರಿಕ್ಷಾದಲ್ಲಿ ಸಾಗಿಸಿದರೆ ಮರದ ಮೂಲೆಗಳೂ ಒಳಗಿನ ಬೆಸುಗೆಗಳೂ ಉಳಿಯುವುದಿಲ್ಲ. ಜೊತೆಗೆ 78ರ ತಟ್ಟೆಗಳಲ್ಲಿ ಐದಾರು ಸಾವಿರ ಹರ್ಟ್ಸ್‌ಗಿಂತ ಮೇಲೆ ಸಂಗೀತಕ್ಕಿಂತ ಸರಸರ ಸದ್ದೇ ಅಧಿಕವಿದ್ದು, ಹನ್ನೆರಡು ಅಡಿಯ ಕೋಣೆಯಲ್ಲಿ ಹತ್ತಿರದಿಂದ ಕೇಳಿದಾಗ ಹಾರ್ನು ಅದನ್ನು ಎತ್ತಿ ತೋರಿಸುತ್ತದೆ.

ಮಾಳಮಡ್ಡಿಯ ಕೇಳುಗ, ಧಾರವಾಡ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಎರಡು ಸಂದೇಹಗಳು ಉಳಿದಿವೆ. ಸಭಾಗೃಹದಲ್ಲಿ ಬಲಬದಿಗೆ ಕುಳಿತವರು ತಮಗೆ ತಬಲೆ ಕೇಳುವುದೇ ಇಲ್ಲವೆಂದು ದೂರುತ್ತಾರೆ. ಇದಕ್ಕೆ ಏನು ಮಾಡಬೇಕು? ಮುಂದೆ ಎಂದಾದರೂ ಯುವ ಗಾಯಕರನ್ನು ಕರೆಸಿ ಮೈಕಿನಲ್ಲಿ ಹಾಡಿಸುವ ಆಸೆಯಿದೆ; ಅದಕ್ಕೂ ಇವೇ ಸ್ಪೀಕರುಗಳು ಒದಗುವವೇ?

ಧ್ವನಿವ್ಯವಸ್ಥೆ, ಹುಬ್ಬಳ್ಳಿ

ಮೊದಲನೆಯದಕ್ಕೆ ಮದ್ದು ನಿಮ್ಮ ಆಂಪ್ಲಿಫಯರಿನಲ್ಲಿಯೇ ಇರಬಹುದು. ಅದರಲ್ಲಿ ಮೋನೋ ಗುಂಡಿ ಇದ್ದರೆ ಬೈಠಕ್ಕಿನಲ್ಲಿ ಅದನ್ನು ಒತ್ತಿಡಿರಿ. ಸ್ಟೀರಿಯೋ ಸರಿಯಾಗಿ ಕೇಳುವುದು ನಡುವೆ ಕುಳಿತ ಮೂರ್ನಾಲ್ಕು ಜನರಿಗೆ ಮಾತ್ರ. ಬದಿಗೆ ಕುಳಿತವರ ಕಿವಿ ಮೊದಲು ಬಂದ ಧ್ವನಿಯನ್ನೇ ಹಿಡಿಯುವುದರಿಂದ ಅವರಿಗೆ ಹತ್ತಿರದ ಸ್ಪೀಕರೊಂದೇ ಇದ್ದಂತಾಗುತ್ತದೆ, ದೂರದ ಸ್ಪೀಕರಿನ ತಬಲೆ ತಪ್ಪಿಹೋಗುತ್ತದೆ. ಇನ್ನೊಂದು ಲಾಭವೂ ಉಂಟು. ಸ್ಟೀರಿಯೋ ಎಲ್.ಪಿ. ಮಾರುಕಟ್ಟೆಗೆ ಬಂದದ್ದೇ 1958ರ ಸುಮಾರಿಗೆ. ಅದಕ್ಕೂ ಹಿಂದಿನ ಮೋನೋ ತಟ್ಟೆಗಳಲ್ಲಿ ಸಂಗೀತ ಗೀರಿನ ಅಡ್ಡ ಚಲನೆಯಲ್ಲಿ ಮಾತ್ರ ಇರುತ್ತದೆ. ಎರಡು ಚಾನೆಲುಗಳನ್ನು ಕೂಡಿಸಿದಾಗ ಮೇಲುಕೆಳಗಿನ ಚಲನೆಯಿಂದ ಹುಟ್ಟುವ ಚಟಪಟ ಸದ್ದು ಒಂದನ್ನೊಂದು ಅಳಿಸಿ, ತಟ್ಟೆ ಶಾಂತವಾಗುತ್ತದೆ.

ಮೈಕಿನ ವಿಷಯದಲ್ಲಿ ಖಂಡಿತವಾಗಿ ಹೇಳುತ್ತೇನೆ: ಮನೆಯ ಸ್ಪೀಕರಿಗೆ ಮೈಕ್ ಜೋಡಿಸಬೇಡಿರಿ. ಮುದ್ರಿಕೆಯಲ್ಲಿ ಏರಿಳಿತಗಳನ್ನು ಮೊದಲೇ ಹದಗೊಳಿಸಿರುತ್ತಾರೆ. ನೇರ ಮೈಕಿನಲ್ಲಿ ಒಂದು ಬಲವಾದ ಥಾಪು, ಕೈಜಾರಿ ಬಿದ್ದ ಮೈಕು, ಒಂದು ಕ್ಷಣದ ಕಿರ್ರೆಂಬ ಫೀಡ್‌ಬ್ಯಾಕ್, ಇವುಗಳಲ್ಲಿ ಯಾವುದಾದರೂ ಒಂದು ಟ್ವೀಟರನ್ನು ಸುಟ್ಟುಹಾಕಲು ಸಾಕು. ಅದಕ್ಕೆ ಒಳಗೆ ಆಂಪ್ಲಿಫಯರನ್ನೂ ರಕ್ಷಣೆಯ ವ್ಯವಸ್ಥೆಯನ್ನೂ ಹೊಂದಿದ 10 ಇಂಚಿನ ಆ್ಯಕ್ಟಿವ್ ಸ್ಪೀಕರುಗಳೇ ಸರಿ. ಅವು ಬಾಡಿಗೆಗೂ ಸಿಗುತ್ತವೆ. ಅವನ್ನು ಮನೆಗೆ ತಂದರೆ ರಾತ್ರಿಯ ಮೌನದಲ್ಲಿ ಅವುಗಳ ಸುಯ್ ಸದ್ದು ಕಿವಿಗೆ ಬೀಳುತ್ತದೆ ಎಂಬುದನ್ನೂ ಹೇಳಬೇಕು. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ರಾತ್ರಿಯ ಅವಧಿ ಹತ್ತು ಗಂಟೆಗೆ ಆರಂಭವಾಗುತ್ತದೆ. ನಿಮ್ಮ ಕಿಟಕಿಗಳು ಯಾರ ಮನೆಯ ಕಡೆಗಿವೆ ಎಂಬುದನ್ನು ನೋಡಿಕೊಂಡು ಸ್ಪೀಕರುಗಳ ದಿಕ್ಕನ್ನು ನಿರ್ಧರಿಸಿರಿ.

ಮಾಳಮಡ್ಡಿಯ ಕೇಳುಗ, ಧಾರವಾಡ

ಕಳೆದ ಭಾನುವಾರದ ಬೈಠಕ್ಕಿಗೆ 10 ಇಂಚಿನ ಎರಡು ಆ್ಯಕ್ಟಿವ್ ಸ್ಪೀಕರುಗಳನ್ನು ಬಾಡಿಗೆಗೆ ತಂದು, ಆರಡಿ ಎತ್ತರದಲ್ಲಿ ಬಾಗಿಸಿ ಇರಿಸಿ, ಮೋನೋದಲ್ಲಿ ಮನಸೂರರ ಮುದ್ರಿಕೆಯನ್ನು ಹಾಕಿದೆವು. ವಾಲ್ಯೂಮ್ ಹಿಂದಿಗಿಂತ ಕಡಿಮೆಯೇ ಇತ್ತು. ಆದರೂ ಕೊನೆಯ ಸಾಲಿನಲ್ಲಿ ಯಾವಾಗಲೂ ಕಂಬಕ್ಕೆ ಒರಗಿ ಕೂರುವ ಹಿರಿಯರೊಬ್ಬರು, ಬಂದಿಶಿನ ಅಂತರೆಯ ಸಾಲುಗಳು ಮೊದಲ ಬಾರಿಗೆ ಈ ಸಭಾಗೃಹದಲ್ಲಿ ತಮಗೆ ತಿಳಿದವೆಂದು ಎದ್ದು ಬಂದು ಹೇಳಿದರು. ನಾಲ್ಕು ಫ್ಯಾನುಗಳನ್ನು ಆರಿಸಿದ್ದೂ ನೆರವಾಯಿತು. ತಬಲೆಯ ದೂರು ಬರಲಿಲ್ಲ. ಚಾವಣಿಯ ಕಡೆಯಿಂದ ಸ್ವಲ್ಪ ಗುಂಯ್‌ಕಾರ ಇನ್ನೂ ಇದೆ.

ಆದ್ದರಿಂದ ಸಭಾಗೃಹಕ್ಕೆ ಸದ್ಯ ಬಾಡಿಗೆಯೆಂದೂ, ಮನೆಗೆ ಕಂಠಕ್ಕೊಪ್ಪುವ ಚಿಕ್ಕ ಮುಚ್ಚಿದ ಪೆಟ್ಟಿಗೆಯ ಜೋಡಿಯೆಂದೂ ನಿರ್ಧರಿಸಿದ್ದೇನೆ. ಬರುವ ವಾರ ಎಲ್.ಪಿ.ಯನ್ನೂ ನನ್ನ ಆಂಪ್ಲಿಫಯರನ್ನೂ ಜೊತೆಗೊಯ್ದು ಎರಡು ಮಾದರಿಗಳನ್ನು ಕೇಳಲಿದ್ದೇನೆ. ಗಾದಿಗೆ ಸರಿಯಾದ 16 ಇಂಚಿನ ಪೀಠಗಳನ್ನು ಬಡಿಗರಿಗೆ ಹೇಳಿಯಾಗಿದೆ. ಮುಂದಿನ ಬೈಠಕ್ಕಿಗೆ ಸಭಾಗೃಹದ ಹಿಂದಿನ ಗೋಡೆಗೆ ನಾಲ್ಕು ದಪ್ಪ ಕೌದಿಗಳನ್ನು, ಗೋಡೆಯಿಂದ ಒಂದು ಗೇಣು ಬಿಟ್ಟು, ತೂಗುಹಾಕಿ ನೋಡುತ್ತೇವೆ.