ಮ್ಯಾಗ್ನೆಟ್ ತೆಗೆದ ಮೇಲೆ ಸ್ಲಾಟ್ ಕಾರು ತಿರುವಿನಲ್ಲಿ ನಿಲ್ಲುತ್ತಿಲ್ಲ: ಅನುಭವ ಇದ್ದವರು ತಿಳಿಸಿ

ಗಿರಿತಪ್ಪಲು, ಚಿಕ್ಕಮಗಳೂರು:
ನಾವು ಆರು ಮಂದಿ ಗೆಳೆಯರು ಕಾಫಿ ಗೋದಾಮಿನ ಮಹಡಿಯಲ್ಲಿ ನಾಲ್ಕು ಲೇನಿನ ಮರದ ಟ್ರ್ಯಾಕ್ ಮಾಡಿಕೊಂಡಿದ್ದೇವೆ. ದೀಪಾವಳಿಗೆ 1:32 ಅಳತೆಯ (ನಿಜ ಕಾರಿನ 32ರಲ್ಲೊಂದು ಪಾಲು) ಸ್ಲಾಟ್ ಕಾರುಗಳ, ಅಂದರೆ ಟ್ರ್ಯಾಕಿನ ಸೀಳಿನಲ್ಲಿ ಕರೆಂಟಿನಿಂದ ಓಡುವ ಆಟಿಕೆ ಕಾರುಗಳ ಪಂದ್ಯವಿದೆ, ಕಾರನ್ನು ಟ್ರ್ಯಾಕಿಗೆ ಎಳೆದು ಹಿಡಿಯುವ ಮ್ಯಾಗ್ನೆಟ್ ಬಳಸುವಂತಿಲ್ಲ. ಅದನ್ನು ತೆಗೆದ ದಿನದಿಂದ ನನ್ನ ಕಾರು ಕಿರುತಿರುವಿನಲ್ಲಿ ಬಾಲ ಬೀಸಿ ಹೊರಗೆ ಹಾರುತ್ತಿದೆ. ಹಿತ್ತಾಳೆಯ ಚಾಸಿ (ಕಾರಿನ ಅಡಿಚೌಕಟ್ಟು) ಕೈಯಲ್ಲೇ ಕಟ್ಟಲೇ, ಸಿದ್ಧ ಕಾರು ತರಿಸಲೇ? ಕೈಯಲ್ಲಿರುವುದು ಆರು ಸಾವಿರ.

ಹಾಸನದ ಹಿತ್ತಾಳೆ:
ಕಟ್ಟಿ. ನಾನು ನಾಲ್ಕು ಕಟ್ಟಿದ್ದೇನೆ, ಮೂರು ಗುಜರಿಗೆ ಹೋದವು. ಮೊದಲನೆಯದು ಬೆಸುಗೆಯ ಬಿಸಿಗೆ ಸೊಟ್ಟಗಾಯಿತು. ಕನ್ನಡಿಯ ಮೇಲಿಟ್ಟರೆ ಒಂದು ಮೂಲೆ ಮೇಲೆದ್ದು ಟಕಟಕ ಎನ್ನುತ್ತಿತ್ತು. ಎರಡನೆಯದಕ್ಕೆ ಉಕ್ಕಿನ ತಂತಿ ಸಿಗದೆ ಸೈಕಲ್ ಕಡ್ಡಿ ಹಾಕಿದೆ. ಕಡ್ಡಿಯದು ತಪ್ಪಿಲ್ಲ, ಬೆಸುಗೆ ಹಿಡಿಯಲೆಂದು ಹಚ್ಚಿದ ಆಸಿಡ್ ಫ್ಲಕ್ಸ್ ತೊಳೆಯದೇ ಬಿಟ್ಟದ್ದು ನನ್ನ ತಪ್ಪು. ಆಷಾಢ ಮುಗಿಯುವಷ್ಟರಲ್ಲಿ ತುಕ್ಕು ತಿಂದು ಹಾಕಿತ್ತು. ಮೂರನೆಯದರಲ್ಲಿ ಹಿಂದಿನ ಆಕ್ಸಲ್ ಕೂದಲೆಳೆಯಷ್ಟು ಓರೆಯಾಗಿ ಆಕ್ಸಲ್ ಮೇಲಿನ ಕ್ರೌನ್ ಗೇರಿನ ಹಲ್ಲು ಒಂದೇ ಸಂಜೆಯಲ್ಲಿ ಸವೆಯಿತು. ಲೆಕ್ಕ ಕೇಳಿ: ಹಿತ್ತಾಳೆ 640, ಸೋಲ್ಡರಿಂಗ್ ಐರನ್ 850, ಮೋಟಾರು ಎರಡು (ಒಂದನ್ನು ಸುಟ್ಟೆ) 2,700, ಗೇರು, ಆಕ್ಸಲ್, ಬುಷ್ ಸೇರಿ 2,150, ಟೈರು 1,400, ಲೆಕ್ಸಾನ್ ಪ್ಲಾಸ್ಟಿಕ್ಕಿನ ಬಾಡಿ 1,900. ಒಟ್ಟು 9,640 ರೂಪಾಯಿ. ಮನೆಯಲ್ಲಿ ಹೇಳಿರುವ ಲೆಕ್ಕ 3,000. ಆದರೆ ನಾಲ್ಕನೆಯದು ತಿರುವಿನಲ್ಲಿ ನೆಲಕ್ಕೆ ಅಂಟಿಕೊಂಡು ಹೋಗುವುದನ್ನು ನೋಡಬೇಕು.

ಕೊಪ್ಪದ ಮಳೆ:
ಒಂದು ಕಾರಿಗೆ ಮೂರು ಶವ! ನಾನು ಇಟಲಿಯ ಸಿದ್ಧ ಕಾರು ತರಿಸಿದೆ. ಕಾರು 7,200, ಕೊರಿಯರ್ 2,300, ಸುಂಕ 4,100. ಆಟಿಕೆಯ ಮೂಲ ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಆ ರಸೀದಿಯನ್ನು ಇನ್ನೂ ಇಟ್ಟುಕೊಂಡಿದ್ದೇನೆ, ಸಿಟ್ಟು ಬೇಕೆನಿಸಿದಾಗ ತೆಗೆದು ನೋಡುತ್ತೇನೆ. ಪಾರ್ಸೆಲ್ 23 ದಿನ ಎಲ್ಲಿತ್ತೋ ದೇವರೇ ಬಲ್ಲ. ಬಂದ ಮೇಲೆ ನಾನು ಮುಟ್ಟಿದ್ದು ಮೋಟಾರು ಪಾಡಿನ (ಮೋಟಾರನ್ನು ಹಿಡಿದಿರುವ ತುಂಡು) ತಿರುಪುಗಳನ್ನು ಮಾತ್ರ, ಅದು ಸ್ವಲ್ಪ ಅಲುಗಾಡಲೆಂದು ಅರ್ಧ ಸುತ್ತು ಸಡಿಲಿಸಿದೆ. ಬಾಡಿಯ ತಿರುಪೂ ಹಾಗೆಯೇ. ಬೆಸುಗೆ ಹಾಕುವವರು ಕಾರು ಓಡಿಸುವುದಿಲ್ಲ, ಮಗುಚಿ ಹಾಕಿ ಅದರ ಹೊಟ್ಟೆ ನೋಡುತ್ತಾ ಕೂರುತ್ತಾರೆ.

ಹಾಸನದ ಹಿತ್ತಾಳೆ:
13,600 ಕೊಟ್ಟು ಅರ್ಧ ಸುತ್ತು ತಿರುಪು ಬಿಚ್ಚಿದ್ದನ್ನು ಕೈಕೆಲಸ ಎನ್ನುವವರಿಗೆ ನಾನೇನು ಹೇಳಲಿ. ಕಳೆದ ವರ್ಷ ನಮ್ಮ ಮನೆಯ ಟ್ರ್ಯಾಕಿನಲ್ಲಿ ನಿಮ್ಮ ಇಟಲಿ ಎರಡು ಲ್ಯಾಪ್ ಹಿಂದಿತ್ತು, ನೆನಪಿದೆಯೇ?

ಕೊಪ್ಪದ ಮಳೆ:
ನಿಮ್ಮ ಟ್ರ್ಯಾಕ್ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆಯದು, ತೇವ ಕುಡಿದು ಉಬ್ಬಿ ಮೂರನೆಯ ಲೇನಿನ ಸ್ಲಾಟೇ ಬಿಗಿಯಾಗಿತ್ತು. ಕಾರಿನ ಮುಂದೆ ಸ್ಲಾಟಿಗೆ ಇಳಿಯುವ ಗೈಡ್ ಸಿಕ್ಕಿಹಾಕಿಕೊಂಡರೆ ಕಾರು ಏನು ಮಾಡೀತು? ಅಂಚಿಗೆ ವಾರ್ನಿಷ್ ಬಳಿಯಿರಿ ಎಂದು ಅಂದೇ ಹೇಳಿದ್ದೆ. ಮಲೆನಾಡಿನವರ ಮಾತು ಹಾಸನದವರಿಗೆ ಯಾಕೆ ಬೇಕು!

ನಿವೃತ್ತ ಐಟಿಐ ಮೇಷ್ಟ್ರು:
ಇಬ್ಬರೂ ಸ್ವಲ್ಪ ಸುಮ್ಮನಿರಿ. 1957ರಲ್ಲಿ ಬ್ರಿಟನ್ನಿನ ಸ್ಲಾಟ್ ಕಾರು ಬ್ರ್ಯಾಂಡ್ ಸ್ಕೇಲೆಕ್ಸ್‌ಟ್ರಿಕ್ ಬಂದಾಗ ಕಾರಿನಡಿಯಲ್ಲಿ ಮ್ಯಾಗ್ನೆಟ್ ಇರಲಿಲ್ಲ, ಜನ ಓಡಿಸಲಿಲ್ಲವೇ? ಟೈರು ದುಂಡಗಿಲ್ಲದಿದ್ದರೆ ಚಿನ್ನದ ಚಾಸಿಯೂ ಕುಣಿಯುತ್ತದೆ. ಚಪ್ಪಟೆ ಗಾಜಿಗೆ 400 ನಂಬರಿನ ಉಪ್ಪುಕಾಗದ ಅಂಟಿಸಿ, ಮೋಟಾರಿಗೆ ನಾಲ್ಕೈದು ವೋಲ್ಟ್ ಕೊಟ್ಟು ಹಿಂದಿನ ಟೈರುಗಳನ್ನು ಹಗುರವಾಗಿ ತಾಗಿಸುತ್ತೇನೆ. ಒಂದು ಜೊತೆಗೆ ನನಗೆ ನಲವತ್ತು ನಿಮಿಷ ಬೇಕು. ಅವಸರದಲ್ಲಿ ಒತ್ತಿ ಹಿಡಿದು ಎರಡು ಜೊತೆ ಹಾಳು ಮಾಡಿದ್ದೇನೆ: 1,100 ರೂಪಾಯಿ, ಪಿಂಚಣಿಯ ಹಣ. ಮುಂದಿನ ಟೈರಿಗೆ ಹಿಡಿತವೇ ಬೇಡ, ಉಗುರುಬಣ್ಣ ಬಳಿದು ಗಟ್ಟಿ ಮಾಡುತ್ತೇನೆ. ಮೊಮ್ಮಗಳ ಗುಲಾಬಿ ಬಣ್ಣ ಬಳಿದಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದಳು. ಆಮೇಲೆ 11:32 ಗೇರು (ಮೋಟಾರಿನ ಕಡೆ 11 ಹಲ್ಲು, ಆಕ್ಸಲ್ ಕಡೆ 32) ಬಿಚ್ಚಿ 11:36 ಹಾಕಿದೆ. ನೇರದಲ್ಲಿ ವೇಗ ಇಳಿಯಿತು, ಆದರೆ ತಿರುವಿನಿಂದ ಎದ್ದು ಬರುವುದು ಚುರುಕಾಗಿ ಲ್ಯಾಪ್ 9.8 ಸೆಕೆಂಡಿನಿಂದ 9.3ಕ್ಕೆ ಬಂತು.

ಗಿರಿತಪ್ಪಲು, ಚಿಕ್ಕಮಗಳೂರು:
ಮೇಷ್ಟ್ರೇ, ಗೈಡಿನ ಹಿಂದೆ ಸ್ವಲ್ಪ ಸೀಸ ಅಂಟಿಸಿ ನೋಡಿದೆ, ಹಾರುವುದು ಕಡಿಮೆಯಾಗಿದೆ. ಇನ್ನೂ ಎಷ್ಟು ಗ್ರಾಂ ಹಾಕಬಹುದು?

ಹಾಸನದ ಹಿತ್ತಾಳೆ:
ಸೀಸ ಹಾಕುವುದು ಸೋಲೊಪ್ಪಿಕೊಂಡಂತೆ. ಹಿತ್ತಾಳೆಗೆ ತೂಕ ಹುಟ್ಟಿನಿಂದಲೇ ಇರುತ್ತದೆ. ಇರಲಿ, ಕೊಪ್ಪದವರು ಮಳೆ, ವಾರ್ನಿಷ್ ಎಂದು ಪಾಠ ಮಾಡುವ ಮೊದಲು ಕಾರಿನ ವೇಗ ಏರಿಳಿಸುವ ನನ್ನ 45 ಓಮ್ ಕಂಟ್ರೋಲರ್ ಹಿಂದಿರುಗಿಸಲಿ. ಯುಗಾದಿಗೆ ಒಯ್ದದ್ದು.

ಕೊಪ್ಪದ ಮಳೆ:
ನೀವೇ ಬಲವಂತವಾಗಿ ಕೈಗಿಟ್ಟಿರಿ. ಮೊದಲ ದಿನವೇ ಅದರಿಂದ ಸುಟ್ಟ ವಾಸನೆ ಬರುತ್ತಿತ್ತು.

ಹಾಸನದ ಹಿತ್ತಾಳೆ:
ಅಷ್ಟು ಕರೆಂಟ್ ಎಳೆಯುವ ಮೋಟಾರಿಗೆ ಅದನ್ನು ಸಿಕ್ಕಿಸಿದರೆ ವಾಸನೆ ಬಾರದೆ ಮಲ್ಲಿಗೆ ಅರಳುತ್ತದೆಯೇ?

ನಿವೃತ್ತ ಐಟಿಐ ಮೇಷ್ಟ್ರು:
ಒಳಗಿನ ತಂತಿ ಕಪ್ಪಾಗಿದೆಯೇ ನೋಡಿ. ಕಪ್ಪಾಗಿದ್ದರೆ ನನ್ನ ಬಳಿ ತನ್ನಿ, ಸುತ್ತಿ ಕೊಡುತ್ತೇನೆ. ಗಿರಿತಪ್ಪಲಿನವರೇ, ಸೀಸ ಮೂರು ಗ್ರಾಂನಿಂದ ಶುರು ಮಾಡಿ, ಒಂದೊಂದೇ ಗ್ರಾಂ ಏರಿಸಿ.

ಕೊಪ್ಪದ ಮಳೆ:
ಶನಿವಾರ ಹಾಸನದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳುಹಿಸುತ್ತೇನೆ. ನಿಲ್ದಾಣಕ್ಕೆ ಬಂದು ತೆಗೆದುಕೊಳ್ಳಿ. ಕಳೆದುಹೋದರೆ ನನ್ನನ್ನು ಕೇಳಬೇಡಿ.