ಚಿಕ್ಕಪ್ಪನಿಗೆ ಏನು ಅರ್ಥವಾಗಿದೆ ಅಂತ ಯಾರಾದರೂ ಕೇಳಿದಿರಾ?

ಎಲ್ಲರಿಗೂ ನಮಸ್ಕಾರ. ಅಡುಗೆಮನೆಯಲ್ಲಿ ನಿಂತೇ ಮಾತಾಡುತ್ತಿದ್ದೇನೆ. ಮಧ್ಯೆ ಕುಕ್ಕರ್ ಕೂಗಿದರೆ ಬೈಕೋಬೇಡಿ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಕುಡೀತಾ ಕೇಳಿ.

ನಿನ್ನೆ ಬೆಳಿಗ್ಗೆ ಚಿಕ್ಕಪ್ಪನ ಮಗ, ನಮ್ಮ ತಮ್ಮ, ಈ ಮನೆಯವರ ಗ್ರೂಪಿಗೆ ಅಪ್ಪನ ಕಿಡ್ನಿ ರಿಪೋರ್ಟ್ ಹಾಕಿದ. ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೊರಗೆ ಹಾಕಬೇಕಾದ ಕಸ ರಕ್ತದಲ್ಲಿ ಎಷ್ಟು ಉಳಿದಿದೆ ಅನ್ನುವ ಲೆಕ್ಕ, 6.8. ಇಜಿಎಫ್‌ಆರ್, ಅಂದರೆ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅನ್ನುವ ಲೆಕ್ಕ, 8. ವಯಸ್ಸು 74, ಶುಗರ್ 20 ವರ್ಷದ್ದು, ಹೃದಯಕ್ಕೆ ಸ್ಟೆಂಟ್ ಬೇರೆ ಹಾಕಿದ್ದಾರೆ. ಡಾಕ್ಟರ್ ಡಯಾಲಿಸಿಸ್‌ಗೆ ತಯಾರಾಗಿ ಅಂದರಂತೆ. ಅಲ್ಲಿಂದ ಶುರುವಾಯಿತು ನೋಡಿ. ಮೈಸೂರಿನ ಅಣ್ಣ ತಕ್ಷಣ ಅಡ್ಮಿಟ್ ಮಾಡಿ ಅಂದರು. ಅತ್ತೆ, ಒಂದು ಸಲ ಶುರು ಮಾಡಿದರೆ ಅದು ಅಭ್ಯಾಸ ಆಗಿಬಿಡುತ್ತೆ, ಬೇಡವೇ ಬೇಡ ಅಂದರು. ಇನ್ನೊಬ್ಬರು ಕಷಾಯದ ವಿಡಿಯೋ ಹಾಕಿದರು. ಮತ್ತೊಬ್ಬರು ದಿನಾ ಎರಡು ಎಳನೀರು ಕುಡಿಸಿ ಅಂದರು.

ಮೊದಲು ಆ ಎಳನೀರಿನ ವಿಷಯ ಮುಗಿಸಿಬಿಡುತ್ತೇನೆ. ದಯವಿಟ್ಟು ಕುಡಿಸಬೇಡಿ. ಎಳನೀರಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಅದನ್ನು ಹೊರಗೆ ಹಾಕದಿದ್ದರೆ ಹೃದಯದ ಬಡಿತವೇ ತಪ್ಪುತ್ತೆ. ತೋಟದ ಮನೆ, ಕೈ ಚಾಚಿದರೆ ಎಳನೀರು, ಕಷ್ಟ ಗೊತ್ತು. ಕಮರಾಕ್ಷಿ ಹಣ್ಣಂತೂ, ಅದೇ ಸ್ಟಾರ್ ಫ್ರೂಟ್, ಮುಟ್ಟಲೇಬಾರದು. ಕಿಡ್ನಿ ಕೆಟ್ಟವರಿಗೆ ಅದು ವಿಷ. ಯಾವ ಕಷಾಯವಾದರೂ ಡಾಕ್ಟರಿಗೆ ತೋರಿಸದೆ ಬೇಡ.

ಈಗ ನಿಜವಾದ ವಿಷಯ. ನಿನ್ನೆ ರಾತ್ರಿ ಚಿಕ್ಕಪ್ಪನಿಗೇ ಫೋನ್ ಮಾಡಿದೆ. "ಚಿಕ್ಕಪ್ಪ, ಡಾಕ್ಟರ್ ಏನಂದರು? ನಿಮ್ಮ ಮಾತಲ್ಲೇ ಹೇಳಿ" ಅಂದೆ. ಅವರು ಹೇಳಿದ್ದು ಇದು: "ಏನಿಲ್ಲ ಕಣಮ್ಮ, ಕಿಡ್ನಿ ತೊಳೀತಾರಂತೆ. ನಾಲ್ಕೈದು ಸಲ ತೊಳೆದರೆ ಸರಿ ಹೋಗುತ್ತಲ್ಲ. ಯುಗಾದಿ ಹೊತ್ತಿಗೆ ಮುಗಿಸಿಬಿಡೋಣ."

ನನಗೆ ಏನು ಹೇಳಬೇಕೋ ತೋಚಲಿಲ್ಲ. ನಾವೆಲ್ಲ ಬೇಕು ಬೇಡ ಅಂತ ಜಗಳ ಆಡುತ್ತಿದ್ದೇವೆ. ಅವರು ಮನೆ ಮೇಲಿನ ಟ್ಯಾಂಕ್ ತೊಳೆದ ಹಾಗೆ ಅಂತ ತಿಳಿದುಕೊಂಡಿದ್ದಾರೆ! ಅವರ ತಪ್ಪಲ್ಲ. ನಮ್ಮ ಕಡೆ ಎಲ್ಲರೂ ಹಾಗೇ ಹೇಳೋದು ಅಲ್ವಾ, ಕಿಡ್ನಿ ತೊಳೆಸುವುದು ಅಂತ. ಅಲ್ಲಿ ತೊಳೆಯುವುದು ರಕ್ತವನ್ನು. ಕಿಡ್ನಿ ಹಾಗೇ ಇರುತ್ತೆ. ಶುಗರ್‌ನಿಂದ ಇಷ್ಟು ವರ್ಷಕ್ಕೆ ನಿಧಾನವಾಗಿ ಹೋದ ಕಿಡ್ನಿ ಮತ್ತೆ ಮೊದಲಿನ ಹಾಗಾಗಲ್ಲ. ಅತ್ತೆ, ನಿಮ್ಮ ಮಾತಿಗೂ ಉತ್ತರ ಇದರಲ್ಲೇ ಇದೆ. ಡಯಾಲಿಸಿಸ್ ಚಟ ಹಿಡಿಸಲ್ಲ. ಕಾಯಿಲೆ ಹೋಗದಿರುವುದರಿಂದ ಅದು ಮುಂದುವರಿಯುತ್ತೆ, ಅಷ್ಟೇ. ಬೇಡ ಅನ್ನಿಸಿದರೆ ನಿಲ್ಲಿಸಬಹುದು. ನಿಲ್ಲಿಸಿದರೆ ಏನಾಗುತ್ತೆ ಅಂತ ಗೊತ್ತಿದ್ದು ನಿಲ್ಲಿಸಬೇಕು.

ನಾನು ಡಾಕ್ಟರ್ ಅಲ್ಲ. ನಮ್ಮ ಮಾವನವರ ಜೊತೆ ಎರಡು ವರ್ಷ ಡಯಾಲಿಸಿಸ್‌ಗೆ ಓಡಾಡಿದವಳು. ಅವರದ್ದು ಹೇಗೆ ಶುರುವಾಯಿತು ಅಂತ ನಿಮಗೆ ಯಾರಿಗೂ ಪೂರ್ತಿ ಹೇಳಿಲ್ಲ. ಮೂರು ತಿಂಗಳ ಮುಂಚೆ ಡಾಕ್ಟರ್ ಎರಡು ನಿಮಿಷದಲ್ಲಿ "ಮುಂದೆ ಬೇಕಾಗಬಹುದು" ಅಂದಿದ್ದರು. ನಾವು ತಲೆ ಆಡಿಸಿ ಬಂದೆವು. ಆಮೇಲೆ ಒಂದು ರಾತ್ರಿ ಉಸಿರು ಕಟ್ಟಿತು. ಆಸ್ಪತ್ರೆಯ ಕಾರಿಡಾರಿನಲ್ಲಿ ಯಾರೋ ಒಂದು ಫಾರಂ ತಂದು ಇಲ್ಲಿ, ಇಲ್ಲಿ, ಇಲ್ಲಿ ಅಂತ ಬೆರಳಿಟ್ಟು ತೋರಿಸಿದರು. ಎಲ್ಲ ಇಂಗ್ಲಿಷಿನಲ್ಲಿತ್ತು. ನಮ್ಮವರು ಐದು ಕಡೆ ಸಹಿ ಹಾಕಿದರು. ಬೆಳಿಗ್ಗೆ ಮಾವ ಕಣ್ಣು ಬಿಟ್ಟರೆ ಕತ್ತಿಗೆ ಡಯಾಲಿಸಿಸ್ ಪೈಪು. ಕೈಯಿಂದ ತಡವಿ ನೋಡಿಕೊಂಡು "ಇದನ್ನು ಯಾರು ಹಾಕಿಸಿದ್ದು?" ಅಂದರು. ಒಂದು ವಾರ ಮಗನ ಹತ್ತಿರ ಮಾತಾಡಲಿಲ್ಲ.

ಆಮೇಲೆ ಅದಕ್ಕೆ ಒಗ್ಗಿಕೊಂಡರು ಅನ್ನಿ. ಪಕ್ಕದ ಬೆಡ್ಡಿನ ಮೇಷ್ಟ್ರ ಜೊತೆ ಪದಬಂಧ ಬಿಡಿಸುತ್ತಿದ್ದರು. ಒಬ್ಬರು ಇನ್ನೊಬ್ಬರಿಗೆ ಉತ್ತರ ಹೇಳಿಕೊಡುತ್ತಿರಲಿಲ್ಲ, ಅಷ್ಟು ಹಟ. ಹಾಗಾಗಿ ಡಯಾಲಿಸಿಸ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅವರನ್ನು ಒಂದು ಮಾತು ಕೇಳಲಿಲ್ಲವಲ್ಲ, ಆ ಸಂಕಟ ಮಾತ್ರ ಕೊನೆಯವರೆಗೂ ಹೋಗಲಿಲ್ಲ.

ಚಿಕ್ಕಪ್ಪನಿಗೆ ಇನ್ನೂ ಸಮಯ ಇದೆ. ಓಡಾಡುತ್ತಿದ್ದಾರೆ, ಊಟ ಸೇರುತ್ತಿದೆ. ಮೈಸೂರಿನ ಅಣ್ಣಾ, ಕ್ರಿಯಾಟಿನಿನ್ ನಂಬರ್ ನೋಡಿ ಗಾಬರಿ ಆಗಬೇಡಿ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ 828 ರೋಗಿಗಳನ್ನು ಇಟ್ಟುಕೊಂಡು ಒಂದು ಅಧ್ಯಯನ ಮಾಡಿದ್ದರು, 2010ರಲ್ಲಿ ಬಂತು. ಬೇಗ ಡಯಾಲಿಸಿಸ್ ಶುರು ಮಾಡಿದವರು ಕಾದು ಮಾಡಿದವರಿಗಿಂತ ಜಾಸ್ತಿ ದಿನ ಬದುಕಲಿಲ್ಲ. ಹಾಗಂತ ಸುಮ್ನೆ ಕೂರುವುದೂ ಅಲ್ಲ. ಕಾಯಬೇಕಾದವರಲ್ಲಿ ಮುಕ್ಕಾಲು ಜನಕ್ಕೆ ಅಂದುಕೊಂಡದ್ದಕ್ಕಿಂತ ಮೊದಲೇ ಶುರು ಮಾಡಬೇಕಾಯಿತು, ಹೆಚ್ಚಾಗಿ ತೊಂದರೆ ಕಾಣಿಸಿಕೊಂಡಿದ್ದಕ್ಕೆ. ಮಲಗಿದರೆ ಉಸಿರು ಕಟ್ಟುವುದು, ಬಿಡದೆ ವಾಂತಿ, ಮಂಕು, ತಪ್ಪು ತಪ್ಪು ಮಾತು, ಇವು ಬಂದರೆ ಆ ಕ್ಷಣ ಗಾಡಿ ತೆಗೆಯಿರಿ. ಗ್ರೂಪಿಗೆ ಆಮೇಲೆ ಹಾಕಿದರಾಯಿತು.

ಹಾಗಾದರೆ ಅವರ ಮುಂದೆ ಏನೇನಿದೆ? ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ಮಷಿನ್ ಡಯಾಲಿಸಿಸ್ ಅಂದರೆ ಸಾಮಾನ್ಯವಾಗಿ ವಾರಕ್ಕೆ ಮೂರು ದಿನ, ಒಂದೊಂದು ಸಲಕ್ಕೆ ನಾಲ್ಕು ಗಂಟೆ. ಜೊತೆಗೆ ಊರಿಂದ ಹಾಸನಕ್ಕೆ ಹೋಗಿ ಬರುವ ಹೊತ್ತು ಸೇರಿಸಿ. ಮನೆಗೆ ಬಂದಮೇಲೆ ಸುಸ್ತು, ಆ ದಿನ ಮುಗೀತು. ತಾಲೂಕು ಆಸ್ಪತ್ರೆಗಳಲ್ಲೂ ಡಯಾಲಿಸಿಸ್ ಕೊಡುತ್ತಾರೆ, ನಮ್ಮಲ್ಲಿ ಪಾಳಿ ಖಾಲಿ ಇದೆಯಾ ಅಂತ ತಮ್ಮ ಹೋಗಿ ವಿಚಾರಿಸಲಿ. ಬಿಪಿಎಲ್ ಕಾರ್ಡ್ ಇದ್ದವರಿಗೆ ಸರ್ಕಾರಿ ಕಡೆ ಉಚಿತ. ಇದೇ ದಾರಿ ಅಂತಾದರೆ ಕೈಯಲ್ಲಿ ಫಿಸ್ಟುಲಾ ಮಾಡಿಸಬೇಕು. ಅಂದರೆ ಚಿಕ್ಕ ಆಪರೇಷನ್ ಮಾಡಿ ಎರಡು ರಕ್ತನಾಳ ಸೇರಿಸುವುದು. ಅದು ಬಲಿಯೋಕೆ ಆರೆಂಟು ವಾರ ಬೇಕು. ಮೊದಲೇ ಮಾಡಿಸಿದರೆ ನಮ್ಮ ಮಾವನ ಹಾಗೆ ಕತ್ತಿಗೆ ಪೈಪು ಬೀಳಲ್ಲ. ಪೈಪಿನಲ್ಲಿ ನಂಜಾಗುವ ಭಯ ಜಾಸ್ತಿ. ಚಿಕ್ಕಮ್ಮಾ, ಇವತ್ತಿಂದಲೇ ಅವರ ಎಡಗೈಗೆ ಸೂಜಿ ಚುಚ್ಚಿಸಬೇಡಿ. ರಕ್ತ ತೆಗೆಯುವವರು ಬಂದರೆ ಬಲಗೈ ಕೊಡಿ. ಆ ನಾಳ ಮುಂದೆ ಬೇಕಾಗಬಹುದು.

ಇನ್ನೊಂದು ಹೊಟ್ಟೆ ಡಯಾಲಿಸಿಸ್. ಇದನ್ನು ಡಾಕ್ಟರ್ ಹೇಳಿದರಾ ಅಂತ ತಮ್ಮನನ್ನು ಕೇಳಿದೆ, ಹೆಸರೇ ಎತ್ತಲಿಲ್ಲವಂತೆ. ಹೊಟ್ಟೆಗೆ ಒಂದು ಮೆದು ನಳಿಕೆ ಇಡುತ್ತಾರೆ. ಎರಡು ಲೀಟರ್ ದ್ರವದ ಚೀಲ ಕಟ್ಟಿ ಒಳಗೆ ಬಿಟ್ಟು, ಕೆಲವು ಗಂಟೆ ಆದಮೇಲೆ ಹೊರಗೆ ಬಿಡುವುದು. ದಿನಕ್ಕೆ ಸುಮಾರು ನಾಲ್ಕು ಸಲ, ಪ್ರತಿ ಸಲ ಅರ್ಧ ಗಂಟೆ. ಎಲ್ಲ ಮನೆಯಲ್ಲೇ. ಮಧ್ಯದಲ್ಲಿ ತೋಟಕ್ಕೂ ಹೋಗಿ ಬರಬಹುದು. ಆದರೆ ಕೈ ತೊಳೆಯುವುದರಲ್ಲಿ ಸ್ವಲ್ಪ ಉದಾಸೀನ ಆದರೂ ಹೊಟ್ಟೆಯೊಳಗೆ ನಂಜು. ಅದಕ್ಕೇ ಒಂದು ಶುಚಿಯಾದ ಕೋಣೆ ಬೇಕು, ಒಬ್ಬರು ಕಲಿತುಕೊಳ್ಳಬೇಕು. ಆ ಕೆಲಸ ಚಿಕ್ಕಮ್ಮನ ತಲೆಗೇ ಬರುತ್ತೆ ಅನ್ನುವುದನ್ನು ಮುಚ್ಚಿಡಬೇಡಿ. ಅವರ ಮಂಡಿ ನೋವು ನಮಗೆ ಗೊತ್ತಿಲ್ಲದ್ದೇನಲ್ಲ.

ಕಿಡ್ನಿ ಕಸಿ, ಅಂದರೆ ಬೇರೆಯವರ ಕಿಡ್ನಿ ಹಾಕಿಸುವ ವಿಷಯ ಬೇಗ ಹೇಳಿಬಿಡುತ್ತೇನೆ. 74ಕ್ಕೆ ಆಗಲ್ಲ ಅಂತ ಕಾನೂನು ಏನಿಲ್ಲ, ಹೃದಯ ತಡೆಯುತ್ತಾ ಅನ್ನುವುದೇ ಪ್ರಶ್ನೆ. ಮೃತರಿಂದ ಸಿಗುವ ಕಿಡ್ನಿಗೆ ಜೀವಸಾರ್ಥಕತೆ ಅನ್ನುವ ನಮ್ಮ ರಾಜ್ಯದ ಅಂಗದಾನ ಸಂಸ್ಥೆಯಲ್ಲಿ ಆಸ್ಪತ್ರೆ ಮೂಲಕ ಹೆಸರು ಬರೆಸಿ ಕಾಯಬೇಕು. ಚಿಕ್ಕಮ್ಮ "ನಂದೇ ಕೊಡ್ತೀನಿ" ಅಂದರಂತೆ. ಅವರ ಬಿಪಿ ಪರೀಕ್ಷೆ ಆಗುವ ಮುಂಚೆ ಗ್ರೂಪಿನಲ್ಲಿ ಚಪ್ಪಾಳೆ ಹಾಕಿ ಅವರನ್ನು ಸಿಕ್ಕಿಸಬೇಡಿ.

ಕೊನೆಯದನ್ನು ಹೇಳೋಕೆ ನನಗೂ ಗಂಟಲು ಕಟ್ಟುತ್ತೆ. ಡಯಾಲಿಸಿಸ್ ಇಲ್ಲದೆ ಔಷಧಿಯಲ್ಲೇ ನೋಡಿಕೊಳ್ಳುವುದೂ ಒಂದು ದಾರಿ. ಅದು ಕೈ ಬಿಡುವುದಲ್ಲ. ಉಸಿರಾಟ, ತುರಿಕೆ, ವಾಂತಿ, ಊತ ಎಲ್ಲದಕ್ಕೂ ಚಿಕಿತ್ಸೆ ನಡೆಯುತ್ತೆ, ಡಾಕ್ಟರ್ ನೋಡುತ್ತಲೇ ಇರುತ್ತಾರೆ. ಆಯಸ್ಸು ಕಡಿಮೆ ಆಗಬಹುದು. ಆದರೆ ವಯಸ್ಸಾಗಿ ಬೇರೆ ಕಾಯಿಲೆಗಳೂ ಇರುವವರಿಗೆ ಡಯಾಲಿಸಿಸ್‌ನಿಂದ ಸಿಗುವ ಹೆಚ್ಚಿನ ದಿನಗಳು ಅಷ್ಟೇನೂ ಇರಲಿಕ್ಕಿಲ್ಲ, ಸಿಕ್ಕಿದ್ದರಲ್ಲೂ ಎಷ್ಟೋ ದಿನ ಆಸ್ಪತ್ರೆಯಲ್ಲೇ ಹೋಗಬಹುದು. ಚಿಕ್ಕಪ್ಪ ಆ ಗುಂಪಿಗೆ ಸೇರುತ್ತಾರಾ? ಅದನ್ನು ಡಾಕ್ಟರನ್ನೇ ನೇರವಾಗಿ ಕೇಳಿ. "ಇವರಂಥ ನೂರು ಜನ ಇದ್ದರೆ, ಡಯಾಲಿಸಿಸ್ ಮಾಡಿಸಿಕೊಂಡು ಎರಡು ವರ್ಷಕ್ಕೆ ಎಷ್ಟು ಜನ ಇರುತ್ತಾರೆ, ಹೇಗೆ ಇರುತ್ತಾರೆ?" ಅಂತ ಕೇಳಿ. ಮೂರು ತಿಂಗಳು ಮಾಡಿ ನೋಡಿ, ಆಮೇಲೆ ಮುಂದುವರಿಸುವುದೋ ಬಿಡುವುದೋ ಅಂತ ಯೋಚಿಸೋಣ ಅಂತಲೂ ಒಪ್ಪಂದ ಮಾಡಿಕೊಳ್ಳಬಹುದು. ನಮ್ಮ ಮಾವನಿಗೆ ಎರಡನೆಯ ಡಾಕ್ಟರ್ ಹೇಳಿದ ಮೇಲೆಯೇ ನಮಗೆ ಇದು ಗೊತ್ತಾಗಿದ್ದು. ಇನ್ನೊಬ್ಬರ ಅಭಿಪ್ರಾಯ ಬೇಕಿದ್ದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ್ದೇ ನೆಫ್ರೋ-ಯೂರಾಲಜಿ ಸಂಸ್ಥೆ, ಅಂದರೆ ಕಿಡ್ನಿ ಆಸ್ಪತ್ರೆ ಇದೆ. ಡಾಕ್ಟರ್ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಸಂಕೋಚ ಬೇಡ. ಅದು ರೋಗಿಯ ಹಕ್ಕು.

ತಮ್ಮಾ, "ಅಪ್ಪನಿಗೆ ಹೇಳಿದರೆ ಹೆದರುತ್ತಾರೆ, ನಾನೇ ಸೈನ್ ಮಾಡ್ತೀನಿ" ಅಂದೆಯಲ್ಲ, ನಿನ್ನ ಪ್ರೀತಿ ಅರ್ಥ ಆಗುತ್ತೆ. ಆದರೂ ಬೇಡ ಕಣೋ. 2008ರಲ್ಲಿ ಸುಪ್ರೀಂ ಕೋರ್ಟ್ ಸಮೀರಾ ಕೊಹ್ಲಿ ಅನ್ನುವವರ ಕೇಸಿನಲ್ಲಿ ಇದನ್ನೇ ಹೇಳಿತು. ಆಕೆ ಒಪ್ಪಿದ್ದು ಪರೀಕ್ಷೆಗೆ. ಅರಿವಳಿಕೆಯಲ್ಲಿ ಮಲಗಿದ್ದಾಗ ಹೊರಗಿದ್ದ ತಾಯಿಯ ಒಪ್ಪಿಗೆ ತೆಗೆದುಕೊಂಡು ಗರ್ಭಕೋಶವನ್ನೇ ತೆಗೆದರು. ಬುದ್ಧಿ ನೆಟ್ಟಗಿರುವ ದೊಡ್ಡವರ ಬದಲು ಹೆತ್ತ ತಾಯಿಯೂ ಒಪ್ಪಿಗೆ ಕೊಡುವಂತಿಲ್ಲ ಅಂತ ತೀರ್ಪಾಯಿತು. ಬೇರೆ ದಾರಿ ಏನಿದೆ, ಅಪಾಯ ಏನು, ಬೇಡ ಅಂದರೆ ಏನಾಗುತ್ತೆ, ಇದನ್ನೆಲ್ಲ ರೋಗಿಗೆ ಹೇಳಬೇಕು ಅಂತಲೂ ಇದೆ. ಚಿಕ್ಕಪ್ಪ ಈಗಲೂ ತೆಂಗಿನಕಾಯಿ ಲೆಕ್ಕದಲ್ಲಿ ಒಂದು ಕಾಯಿ ತಪ್ಪಲ್ಲ. ಅವರಿಗೆ ಇದು ಅರ್ಥ ಆಗಲ್ಲವಾ?

ಫೋನಿನಲ್ಲಿ ನಾನು ಕೊನೆಗೆ ಇನ್ನೊಂದು ಕೇಳಿದೆ. "ಏನೇ ಆದರೂ ಯಾವುದು ಬಿಡೋಕಾಗಲ್ಲ ಚಿಕ್ಕಪ್ಪ?" ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬೆಳಿಗ್ಗೆ ತೋಟಕ್ಕೆ ಒಂದು ಸುತ್ತು ಹೋಗಬೇಕಮ್ಮ" ಅಂದರು. ಅಷ್ಟೇ. ಡಾಕ್ಟರಿಗೆ ಮೊದಲು ಹೇಳಬೇಕಾದದ್ದು ಈ ಮಾತು.

ಗುರುವಾರ ತೋರಿಸೋಕೆ ಹೋಗುವಾಗ ನಾನೂ ಬರುತ್ತೇನೆ. ಪ್ರಶ್ನೆಗಳನ್ನು ಕ್ಯಾಲೆಂಡರ್ ಹಾಳೆಯ ಹಿಂದೆ ದೊಡ್ಡಕ್ಷರದಲ್ಲಿ ಬರೆದು ಅವರ ಕೈಗೇ ಕೊಡೋಣ. ಡಾಕ್ಟರನ್ನು ಕೇಳಿ ಅವರ ಮಾತು ರೆಕಾರ್ಡ್ ಮಾಡಿಕೊಳ್ಳೋಣ. ಹೊರಗೆ ಬಂದಮೇಲೆ ನಾವು ವಿವರಿಸುವುದಲ್ಲ, ಚಿಕ್ಕಪ್ಪ ನಮಗೆ ವಿವರಿಸಲಿ. ತಪ್ಪಿದರೆ ಮತ್ತೆ ಒಳಗೆ ಹೋಗಿ ಕೇಳೋಣ, ಏನಾಯ್ತೀಗ.

ಹಾಂ, ಕುಕ್ಕರ್ ಕೂಗಿತು. ತಮ್ಮಾ, ಇನ್ನೊಂದು ವಿಷಯ. ಕಳೆದ ಸಲ ಅವರು ಕಿವಿ ಮಷಿನ್ ಹಾಕಿಕೊಂಡೇ ಇರಲಿಲ್ಲವಂತೆ, ಸೆಲ್ ಮುಗಿದು ತಿಂಗಳಾಯಿತಂತೆ. ಇವತ್ತೇ ಪೇಟೆಗೆ ಹೋಗಿ ಹೊಸ ಸೆಲ್ ತಂದುಕೊಡು.