ಗಾಜಿನ ಚರ್ಚ್ ಕೈತಪ್ಪಿದ್ದು ಹೇಗೆ? ನಮ್ಮ ಸಭೆಯಲ್ಲಿ ಈಗ ಅದೇ ಮಾತು

ಬಲ್ಮಠ_ಗುಡ್ಡೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ಪೂರ್ತಿ ಓದಿ ದಯವಿಟ್ಟು.

ನಾವು ಮಂಗಳೂರಿನ ಒಂದು ಸ್ವತಂತ್ರ ಸಭೆಗೆ ಹೋಗುವವರು. ಹೆಸರು ಬೇಡ. ಇಪ್ಪತ್ತೆರಡು ವರ್ಷದ ಹಿಂದೆ ನಮ್ಮ ಪಾಸ್ಟರ್ ಬಾಡಿಗೆ ಮನೆಯ ಚಾವಡಿಯಲ್ಲಿ ಹದಿನಾಲ್ಕು ಜನರನ್ನು ಕೂರಿಸಿಕೊಂಡು ಶುರು ಮಾಡಿದ್ದು. ಆ ಹದಿನಾಲ್ಕರಲ್ಲಿ ನನ್ನ ಅಮ್ಮ ಒಬ್ಬರು. ಈಗ ಭಾನುವಾರ ನಾನೂರು ಜನ ಸೇರುತ್ತಾರೆ, ಬ್ಯಾಂಕಿನ ಸಾಲದಲ್ಲಿ ದೊಡ್ಡ ಹಾಲ್ ಕಟ್ಟಿ ಆಗಿದೆ. ಪಾಸ್ಟರಿಗೆ ಎಪ್ಪತ್ತೆರಡು ವರ್ಷ, ಆರೋಗ್ಯ ಸರಿ ಇಲ್ಲ. ಮಗ ಮುಂದೆ ನಿಲ್ಲಲಿ ಅಂತ ಮನೆಯವರ ಆಸೆ. ಅಳಿಯ ಲೆಕ್ಕಪತ್ರ ನೋಡುತ್ತಾರೆ. ಅಪ್ಪನ ಪ್ರಸಂಗ ಅಂದರೆ ಸಮಾಧಾನದ ಮಾತು, ದುಃಖದಲ್ಲಿ ಬಂದವನು ಹಗುರಾಗಿ ಹೋಗಬೇಕು. ಮಗನದು ಹಾಗಲ್ಲ. ಒಂದೊಂದು ವಚನ ಹಿಡಿದು ಬಿಡಿಸುತ್ತಾರೆ, ಪಾಪ, ಪಶ್ಚಾತ್ತಾಪದ ಮಾತು ಜಾಸ್ತಿ. ನಮ್ಮಲ್ಲಿ ಆಗಲೇ ಎರಡು ಗುಂಪು ಆಗಿದೆ.

ಹೋದ ವಾರ ಹಿರಿಯರ ಮೀಟಿಂಗಿನಲ್ಲಿ ಒಬ್ಬರು ಎದ್ದು "ಕ್ರಿಸ್ಟಲ್ ಕೆಥೆಡ್ರಲಿಗೆ ಆದ ಹಾಗೆ ನಮಗೆ ಆಗುವುದು ಬೇಡ" ಅಂದರು. ಇನ್ನೊಬ್ಬರು "ಅದು ಸಾಲದಿಂದ ಹೋದದ್ದು, ಮಗನಿಂದ ಅಲ್ಲ" ಅಂದರು. ಮೂರನೆಯವರು "ಬೋಧನೆಯೇ ತಪ್ಪಿತ್ತು" ಅಂದರು. ಮೀಟಿಂಗ್ ಅಲ್ಲಿಗೇ ನಿಂತಿತು.

ಕ್ರಿಸ್ಟಲ್ ಕೆಥೆಡ್ರಲ್ ಅಂದರೆ ಅಮೆರಿಕದ ಆ ಗಾಜಿನ ಚರ್ಚ್. ನನಗೆ ಅದು ಗೊತ್ತಿದ್ದದ್ದು ಚಿಕ್ಕವನಿದ್ದಾಗ. ದೊಡ್ಡಪ್ಪ ಬಹರೈನಿನಿಂದ ರಜೆಗೆ ಬರುವಾಗ ವಿಡಿಯೋ ಕ್ಯಾಸೆಟ್ ತರುತ್ತಿದ್ದರು. ಒಳಗೆ ಕಾರಂಜಿ ಚಿಮ್ಮುವುದು, ಪ್ರಸಂಗಪೀಠದ ಹತ್ತಿರ ಗಾಜಿನ ಗೋಡೆಯೇ ಬಾಗಿಲಾಗಿ ತೆರೆದುಕೊಳ್ಳುವುದು, ಹೊರಗೆ ಕಾರುಗಳಲ್ಲಿ ಕೂತವರು ಕಾಣುವುದು. ಅಮ್ಮ ಕೆಲಸ ಬಿಟ್ಟು ಬಂದು ನೋಡುತ್ತಿದ್ದರು, ಇಂಗ್ಲಿಷ್ ಅರ್ಥ ಆಗದಿದ್ದರೂ. ಅಂಥ ಚರ್ಚ್ ಮಾರಾಟ ಆಯಿತು ಅಂದರೆ ಅವರು ಈಗಲೂ ನಂಬುವುದಿಲ್ಲ.

ನಿಜಕ್ಕೂ ನಡೆದದ್ದು ಎಂತ? ಮೊದಲು ಯಾವುದು ಆಯಿತು, ಆಮೇಲೆ ಯಾವುದು? ಗೊತ್ತಿದ್ದವರು ಹೇಳಿ. ಈ ಭಾನುವಾರ ಮತ್ತೆ ಮೀಟಿಂಗ್ ಉಂಟು.

ಕೊಡಿಯಾಲ್‌ಬೈಲ್_ಲೆಕ್ಕ:

ನಾನು ಲೆಕ್ಕಪತ್ರದ ಕೆಲಸದವ. ಚರ್ಚ್, ದೇವಸ್ಥಾನ, ಮಸೀದಿ ಮೂರರದ್ದೂ ಆಡಿಟ್ ಮಾಡಿದ್ದೇನೆ. ಈ ಪ್ರಕರಣ ಆಗ ಬಹಳ ಓದಿದ್ದೆ. ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ.

ಆ ಚರ್ಚ್ ಕಟ್ಟಿದ ಪಾಸ್ಟರ್ ರಾಬರ್ಟ್ ಎಚ್. ಶುಲರ್ 1955ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದರು. ಕೈಯಲ್ಲಿ 500 ಡಾಲರ್. ಕೂತುಕೊಳ್ಳಲು ಜಾಗ ಸಿಗದೆ ಒಂದು ಡ್ರೈವ್-ಇನ್ ಸಿನಿಮಾ ಮೈದಾನ ಬಾಡಿಗೆಗೆ ಹಿಡಿದು, ತಿಂಡಿ ಅಂಗಡಿಯ ಮಾಡಿನ ಮೇಲೆ ನಿಂತು ಪ್ರಸಂಗ ಮಾಡಿದರು. ಹೆಂಡತಿ ಆರ್ವೆಲ್ಲಾ ಆರ್ಗನ್ ನುಡಿಸಿದರು. ಜನ ಕಾರಿನಲ್ಲೇ ಕೂತು ಕೇಳಿದರು. 1970ರಲ್ಲಿ 'ಅವರ್ ಆಫ್ ಪವರ್' ಅಂತ ಟಿವಿ ಕಾರ್ಯಕ್ರಮ ಶುರುವಾಯಿತು, ಅದು ಲೋಕ ಎಲ್ಲ ಹರಡಿತು. 1980ರಲ್ಲಿ ಗಾರ್ಡನ್ ಗ್ರೋವ್ ಊರಿನಲ್ಲಿ ಆ ಗಾಜಿನ ಚರ್ಚ್ ಎದ್ದಿತು. ವಿನ್ಯಾಸ ಫಿಲಿಪ್ ಜಾನ್ಸನ್ ಅವರದ್ದು, ಗಾಜಿನ ಹಲಗೆ 10,000ಕ್ಕಿಂತ ಜಾಸ್ತಿ.

ಇಲ್ಲಿ ಒಂದು ಮಾತು ಗಮನಿಸಿ. ಅಷ್ಟು ದೊಡ್ಡ ಕಟ್ಟಡ ನಡೆಯುತ್ತಿದ್ದದ್ದು ಭಾನುವಾರ ಬಂದು ಕೂತವರ ಕಾಣಿಕೆಯಿಂದ ಮಾತ್ರ ಅಲ್ಲ. ಟಿವಿ ನೋಡಿ ದೂರದಿಂದ ಹಣ ಕಳಿಸುವವರ ಮೇಲೆ ಅದು ನಿಂತಿತ್ತು. ಟಿವಿ ನೋಡುವವರಿಗೆ ಚರ್ಚ್ ಅಂದರೆ ಒಂದು ಮುಖ. ಆ ಮುಖ ಬದಲಾದರೆ ಹಣ ಕಳಿಸಬೇಕಾ ಬೇಡವಾ ಅಂತ ಅವರು ಮತ್ತೆ ಯೋಚನೆ ಮಾಡುತ್ತಾರೆ. ಪಕ್ಕದ ಬೀದಿಯ ಸಭಿಕ ಹಾಗೆ ಮಾಡುವುದಿಲ್ಲ, ಅವನ ಮಗಳ ಮದುವೆ ಅಲ್ಲೇ ಆಗಬೇಕು, ಅಪ್ಪನ ಸಮಾಧಿ ಅಲ್ಲೇ ಇರುತ್ತದೆ.

2003ರಲ್ಲಿ ಅದೇ ಆವರಣದಲ್ಲಿ ಇನ್ನೊಂದು ದೊಡ್ಡ ಕಟ್ಟಡ ಬಂತು. 2006ರ ಜನವರಿಯಲ್ಲಿ ಮಗ ರಾಬರ್ಟ್ ಎ. ಶುಲರ್ ಮುಖ್ಯ ಪಾಸ್ಟರ್ ಆದರು. ಎರಡು ವರ್ಷ ಚಿಲ್ಲರೆ. 2008ರ ಅಕ್ಟೋಬರಿನಲ್ಲಿ ಅಪ್ಪನೇ ಮಗನನ್ನು ಟಿವಿ ಕಾರ್ಯಕ್ರಮದಿಂದ ತೆಗೆದರು, ಮುಂದಿನ ತಿಂಗಳು ಮಗ ಪಾಸ್ಟರ್ ಕೆಲಸವನ್ನೂ ಬಿಟ್ಟರು. ಅದೇ ಹೊತ್ತಿಗೆ ಅಮೆರಿಕದಲ್ಲಿ ಬ್ಯಾಂಕುಗಳು ಬೀಳುತ್ತಿದ್ದವು. ಕಾಣಿಕೆ ಇಳಿಯಿತು. ಸಿಬ್ಬಂದಿ ಕಡಿಮೆ ಮಾಡಿದರು, ಜಾಗ ಮಾರಿದರು, ಕ್ರಿಸ್ಮಸ್ ನಾಟಕಕ್ಕೆ ಪ್ರಾಣಿ, ಸಾಮಾನು ಕೊಟ್ಟ ಸಣ್ಣ ಸಣ್ಣ ಜನರಿಗೂ ದುಡ್ಡು ಬಾಕಿ ಉಳಿಯಿತು. 2010ರ ಅಕ್ಟೋಬರ್ 18ಕ್ಕೆ ದಿವಾಳಿ ರಕ್ಷಣೆ ಕೇಳಿ ಕೋರ್ಟಿಗೆ ಹೋದರು. ಸಾಲ 43 ಮಿಲಿಯ ಡಾಲರಿಗಿಂತ ಮೇಲೆ, ಅದರಲ್ಲಿ 36 ಮಿಲಿಯ ಬರೀ ಕಟ್ಟಡದ ಅಡವು ಸಾಲ.

ಹಾಗಾಗಿ ನಿಮ್ಮ ಮೀಟಿಂಗಿನಲ್ಲಿ "ಸಾಲದಿಂದ ಹೋದದ್ದು" ಅಂದವರು ಹೇಳಿದ್ದು ಸುಳ್ಳಲ್ಲ. ಆದರೆ ಸಾಲ ಮೊದಲೂ ಇತ್ತು. ಮನೆಯ ಜಗಳ ಬೀದಿಗೆ ಬಂದ ಮೇಲೆ ಅದನ್ನು ತೀರಿಸುವ ಕೈಗಳು ಹಿಂದೆ ಸರಿದವು. ನನಗೆ ಕಾಣುವುದು ಹೀಗೆ.

ಕಲ್ಯಾಣಪುರ_ಹೊಳೆಬದಿ:

ನನ್ನ ತಂಗಿ ಅಲ್ಲೇ ಹತ್ತಿರ ಅನಹೈಮಿನಲ್ಲಿ ನರ್ಸ್. 2022ರಲ್ಲಿ ಅವಳ ಬಾಣಂತನಕ್ಕೆ ಹೋದಾಗ ಆರು ಭಾನುವಾರ ನಾನು ಅದೇ ಗಾಜಿನ ಇಗರ್ಜಿಯಲ್ಲಿ ಪೂಜೆ ಕೇಳಿದ್ದೇನೆ. ಹೌದು, ಈಗ ಅದು ನಮ್ಮ ಕಥೊಲಿಕರದ್ದು. ಅಲ್ಲಿನ ಬಿಷಪರ ಆರೆಂಜ್ ಧರ್ಮಪ್ರಾಂತ್ಯ 57.5 ಮಿಲಿಯ ಡಾಲರಿಗೆ ತೆಗೆದುಕೊಂಡಿತು, ವ್ಯವಹಾರ ಮುಗಿದದ್ದು 2012ರ ಶುರುವಿನಲ್ಲಿ. ನಮ್ಮ ಉಡುಪಿ ಧರ್ಮಪ್ರಾಂತ್ಯ ಆಗಿ ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿ ಕೆಥೆಡ್ರಲ್ ಆದದ್ದೂ ಅದೇ ವರ್ಷ, ಅದಕ್ಕೇ ನನಗೆ ಇಸವಿ ಮರೆಯುವುದಿಲ್ಲ. ದುರಸ್ತಿ ಮಾಡಿ 2019ರ ಜುಲೈ 17ಕ್ಕೆ ಕ್ರೈಸ್ಟ್ ಕೆಥೆಡ್ರಲ್ ಅಂತ ಪ್ರತಿಷ್ಠೆ ಮಾಡಿದರು. ಅಲ್ಲಿವರೆಗೆ ಅದು ಹೆಸರಿಗೆ ಮಾತ್ರ ಕೆಥೆಡ್ರಲ್, ಬಿಷಪರ ಪೀಠ ಇರಲಿಲ್ಲ ಅಲ್ವಾ.

ಒಳಗೆ ಹೋದರೆ ಬೆಳಕು ಅಂದರೆ ಬೆಳಕು. ಮೊದಲು ಬಿಸಿಲು ನೇರ ಬೀಳುತ್ತಿತ್ತಂತೆ, ಈಗ ಗಾಜಿನ ಒಳಗಡೆ ಬಿಳಿ ತ್ರಿಕೋನದ ಹಲಗೆ ಕೂರಿಸಿದ್ದಾರೆ. ಇಂಗ್ಲಿಷ್, ಸ್ಪ್ಯಾನಿಷ್, ವಿಯೆಟ್ನಾಮಿ ಎಲ್ಲ ಭಾಷೆಯಲ್ಲೂ ಪೂಜೆ ಉಂಟು. ಜಾಗ ಹಿಡಿಸದಷ್ಟು ಜನ.

ಬಲ್ಮಠದ ಅಣ್ಣ, ನಿಮಗೆ ಬೇಕಾದ ವಿಷಯ ಒಂದು ಹೇಳುತ್ತೇನೆ. ಮಗ ಹೋದ ಮೇಲೆ ಮಗಳು ಶೀಲಾ ಮುಂದೆ ಬಂದರು. ಅವರ ಕಾಲದಲ್ಲಿ ಸಂಗೀತ ಬದಲಾಯಿತು. ಆರ್ಗನ್, ದೊಡ್ಡ ಕಾಯರ್ ಅಂದರೆ ಹಾಡುವ ತಂಡ ನೋಡಿ ಬರುತ್ತಿದ್ದ ಹಳಬರಿಗೆ ಹೊಸ ಹಾಡು ಹಿಡಿಸಲಿಲ್ಲ. 2011ರಲ್ಲಿ ಕಾಯರಿನವರ ಕೈಗೆ ಒಂದು ಒಪ್ಪಂದ ಪತ್ರ ಕೊಟ್ಟರು, ಗಂಡು ಹೆಣ್ಣಿನ ಮದುವೆಯೊಳಗೆ ಮಾತ್ರ ಸಂಬಂಧ ಇರಬೇಕು ಅಂತ ನಂಬುವುದಾಗಿ ಸಹಿ ಹಾಕಿ ಅಂತ. ವರ್ಷಗಟ್ಟಲೆ ಹಾಡಿದವರು ಬೇಸರಪಟ್ಟುಕೊಂಡರು, ಕೆಲವರು ಬಿಟ್ಟರು. ಅಪ್ಪ ಶುಲರ್ ಬಹಿರಂಗವಾಗಿಯೇ ನನಗೆ ಇದು ಒಪ್ಪಿಗೆ ಇಲ್ಲ ಅಂದರು. ಒಂದೇ ಮನೆಯಲ್ಲಿ ಅಪ್ಪನ ಮಾತು ಒಂದು, ಮಗಳ ಮಾತು ಇನ್ನೊಂದು. ಸಭಿಕರು ಯಾರದ್ದು ಕೇಳಬೇಕು?

2012ರ ಮಾರ್ಚಿನಲ್ಲಿ ಅಪ್ಪ ಅಮ್ಮ ಇಬ್ಬರೂ ಆಡಳಿತ ಮಂಡಳಿಗೆ ರಾಜೀನಾಮೆ ಕೊಟ್ಟರು. ಮಗಳು ಬೇರೆ ಸಭೆ ಶುರು ಮಾಡಿದರು, ಸಿನಿಮಾ ಥಿಯೇಟರಿನಲ್ಲಿ. ತಾವು ಬರೆದ, ಮಾತಾಡಿದ ವಸ್ತುವಿಗೆ ಹಣ ಬರಬೇಕು ಅಂತ ತಾವೇ ಕಟ್ಟಿದ ಚರ್ಚಿನ ಮೇಲೆ ಅಪ್ಪ ಅಮ್ಮ ಕೋರ್ಟಿನಲ್ಲಿ ಕ್ಲೇಮ್ ಹಾಕಿದರು, ಕೇಳಿದ್ದರಲ್ಲಿ ಸಣ್ಣ ಪಾಲು ಮಾತ್ರ ಸಿಕ್ಕಿತು. ಉಳಿದ ಸಭೆಯನ್ನು ಮೊಮ್ಮಗ ಬಾಬಿ ಶುಲರ್ ಹಿಡಿದುಕೊಂಡು 2013ರಲ್ಲಿ ಹತ್ತಿರದ ಒಂದು ಹಳೆ ಕಥೊಲಿಕ ಇಗರ್ಜಿಗೆ ಹೋದರು. ಆ ಇಗರ್ಜಿಯ ನಮ್ಮವರು ಗಾಜಿನ ಆವರಣಕ್ಕೆ ಬಂದರು. ಹೀಗೆ ಎರಡು ಸಭೆಗಳು ಜಾಗ ಬದಲಿಸಿಕೊಂಡವು.

ಆವರಣದಲ್ಲಿ ಒಂದು ಸ್ಮಶಾನ ತೋಟ ಉಂಟು. ಆರ್ವೆಲ್ಲಾ 2014ರಲ್ಲಿ, ಶುಲರ್ 2015ರಲ್ಲಿ ತೀರಿಕೊಂಡರು. ಇಬ್ಬರನ್ನೂ ಅಲ್ಲೇ ಮಣ್ಣು ಮಾಡಿದ್ದು. ನಾನು ಹೋಗಿ ಒಂದು ನಮೋ ಮರಿಯ ಪ್ರಾರ್ಥನೆ ಹೇಳಿ ಬಂದೆ. ಅವರ ಪಂಗಡದಲ್ಲಿ ಅದು ಇಲ್ಲ ಅಂತ ಗೊತ್ತು. ಆದರೂ ಹೇಳಿದೆ.

ವೇದ_ವಿದ್ಯಾರ್ಥಿ:

"ಬೋಧನೆಯೇ ತಪ್ಪಿತ್ತು" ಅಂದವರ ಮಾತಿಗೆ ನನ್ನ ಉತ್ತರ.

ಶುಲರ್ ರಿಫಾರ್ಮ್ಡ್ ಚರ್ಚ್ ಅನ್ನುವ ಪ್ರೊಟೆಸ್ಟಂಟ್ ಪಂಗಡದ ಪಾದ್ರಿ. ಆದರೆ ಸಕಾರಾತ್ಮಕ ಯೋಚನೆಯ ಬಗ್ಗೆ ಬರೆದ ಪಾದ್ರಿ ನಾರ್ಮನ್ ವಿನ್ಸೆಂಟ್ ಪೀಲ್ ಅವರ ದಾರಿಯಲ್ಲಿ ನಡೆದು "ಸಾಧ್ಯ ಎನ್ನುವ ಯೋಚನೆ" ಅಂತ ತನ್ನದೇ ಮಾತು ಕಟ್ಟಿಕೊಂಡರು. 1982ರ ಪುಸ್ತಕದಲ್ಲಿ ಮನುಷ್ಯನ ಆತ್ಮಗೌರವವನ್ನೇ ನಡುವಿನಲ್ಲಿಟ್ಟು ಹೊಸ ಸುಧಾರಣೆ ಬೇಕು ಅಂದರು. ಜನರಿಗೆ ಪಾಪಿ ಪಾಪಿ ಅಂತ ಹೇಳುತ್ತಾ ಇದ್ದರೆ ಅವರು ದೇವರ ಹತ್ತಿರ ಬರುವುದಿಲ್ಲ ಅನ್ನುವುದು ಅವರ ನಂಬಿಕೆ. ಇದು ಶುಭವಾರ್ತೆಯನ್ನೇ ತೆಳು ಮಾಡಿತು ಅಂತ ಟೀಕೆ ಮಾಡಿದವರು ಬಹಳ. ನಾನೂ ಆ ಕಡೆಯವ. ಶಿಲುಬೆ ಇಲ್ಲದೆ ಬರೀ ಧೈರ್ಯ ಹೇಳಿದರೆ ಕೊನೆಗೆ ಏನೂ ಉಳಿಯುವುದಿಲ್ಲ.

ಆದರೆ ಅದರಿಂದಲೇ ಬಿತ್ತು ಅನ್ನುವುದು ತಪ್ಪು. ಇದೇ ಬೋಧನೆ ಇಟ್ಟುಕೊಂಡೇ ಅದು ಮೂವತ್ತು ನಲವತ್ತು ವರ್ಷ ಬೆಳೆಯಿತಲ್ಲ? ಮಗ ಬಂದು ಬೈಬಲ್ ವಚನದ ಕಡೆಗೆ ತಿರುಗಿಸಲು ನೋಡಿದರು. ಅಪ್ಪನಿಗೆ ಟಿವಿಯಲ್ಲಿ ಬೇರೆ ಬೇರೆ ಊರಿನ ಪ್ರಸಂಗಿಗಳನ್ನು ಕರೆಸುವ ಯೋಚನೆ ಇತ್ತು, ಮಗನಿಗೆ ಅದು ಬೇಡ. ಇಂಥ ಭಿನ್ನಾಭಿಪ್ರಾಯ ಎಲ್ಲ ಸಭೆಯಲ್ಲೂ ಇರುತ್ತದೆ. ಅಲ್ಲಿ ಅದನ್ನು ತೀರ್ಮಾನ ಮಾಡುವವರು ಯಾರು ಅಂತ ನೋಡಿ. ಮಂಡಳಿಯಲ್ಲೂ ಸಂಬಳದ ಪಟ್ಟಿಯಲ್ಲೂ ಮನೆಯವರು. ಮಕ್ಕಳು, ಅಳಿಯಂದಿರು. ಬೋಧನೆಯ ಪ್ರಶ್ನೆ ಎತ್ತಿದರೆ ಅದು ಒಡಹುಟ್ಟಿದವರ ಜಗಳ ಆಗಿಬಿಡುತ್ತಿತ್ತು.

ಒಂದೇ ಮನೆಯ ಮೇಲೆ ನಿಲ್ಲದ ಸಭೆಗೆ ನಮ್ಮ ಊರಿನದ್ದೇ ಉದಾಹರಣೆ ನೋಡಿ. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಮೊದಲ ಮಹಾಯುದ್ಧ ಬಂದಾಗ ಜರ್ಮನ್ ಪಾದ್ರಿಗಳು ಇಲ್ಲಿಂದ ಹೋಗಬೇಕಾಯಿತು. ಸಭೆಗಳು ಮುಚ್ಚಿದವಾ? ಇಲ್ಲ. ಊರಿನವರೂ ಸೇರಿ ನಡೆಸಿದರು. ಯಾರ ಮಗ ಅಂತ ಕೇಳುವ ಪ್ರಶ್ನೆಯೇ ಅಲ್ಲಿರಲಿಲ್ಲ.

ರಥಬೀದಿ_ಉಡುಪಿ:

ನಾನು ಕ್ರೈಸ್ತ ಅಲ್ಲ, ಆದರೂ ಒಂದು ಮಾತು. ನಮ್ಮ ಕೃಷ್ಣ ಮಠದಲ್ಲಿ ಎರಡು ವರ್ಷಕ್ಕೊಮ್ಮೆ ಪರ್ಯಾಯ, ಅಂದರೆ ಪೂಜೆಯ ಸರದಿ ಎಂಟು ಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುವುದು. ಜನವರಿ 18ರ ಬೆಳಗ್ಗೆ ಅಕ್ಷಯ ಪಾತ್ರೆ, ಸಟ್ಟುಗ, ಬೀಗದ ಕೈ ಒಬ್ಬ ಸ್ವಾಮಿಗಳಿಂದ ಇನ್ನೊಬ್ಬರಿಗೆ ಹೋಗುತ್ತದೆ. ಮೊದಲು ಎರಡೆರಡು ತಿಂಗಳು ಇತ್ತು, ವಾದಿರಾಜರು ಎರಡು ವರ್ಷ ಮಾಡಿದರು. ಎಷ್ಟೇ ದೊಡ್ಡ ಸ್ವಾಮಿಗಳಾದರೂ ದಿನ ಬಂದಾಗ ಬೀಗದ ಕೈ ಕೊಡಲೇಬೇಕು. ಆ ದಿನ ಮೊದಲೇ ಗೊತ್ತಿರುವುದರಿಂದ ಕೊಡುವವರಿಗೂ ಅವಮಾನ ಇಲ್ಲ. ನಿಮ್ಮ ಪಾಸ್ಟರ್ ಬೀಗದ ಕೈ ಕೊಡುವ ದಿನ ಯಾವುದು ಅಂತ ಎಲ್ಲಿಯಾದರೂ ಬರೆದಿದೆಯಾ?

ವೇದ_ವಿದ್ಯಾರ್ಥಿ:

@ರಥಬೀದಿ, ಹೋಲಿಕೆ ಚೆನ್ನಾಗಿದೆ, ಆದರೆ ಪೂರ್ತಿ ಹೊಂದುವುದಿಲ್ಲ. ನಿಮ್ಮಲ್ಲಿ ಎಂಟು ಮಠ ಮೊದಲೇ ಉಂಟು, ಸ್ವಾಮಿಗಳು ಸನ್ಯಾಸಿಗಳು, ಮಕ್ಕಳ ಪ್ರಶ್ನೆ ಬರುವುದಿಲ್ಲ. ಸ್ವತಂತ್ರ ಸಭೆಯಲ್ಲಿ ಒಬ್ಬನೇ ಮನುಷ್ಯ, ಅವನ ಒಂದೇ ಮನೆ.

ರಥಬೀದಿ_ಉಡುಪಿ:

ಒಪ್ಪುತ್ತೇನೆ. ನಾನು ಹೇಳಿದ್ದು ದಿನ ಗೊತ್ತು ಮಾಡುವ ವಿಷಯ ಮಾತ್ರ.

ಬಲ್ಮಠ_ಗುಡ್ಡೆ:

ಎಲ್ಲರಿಗೂ ತುಂಬಾ ಉಪಕಾರ ಆಯಿತು. ಕಲ್ಯಾಣಪುರದ ಅಕ್ಕ ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಸಮಾಧಿಯ ಮಾತು ಬಂದಾಗ ಸುಮ್ನೆ ಕೂತರು. ಆಮೇಲೆ "ನಮ್ಮ ಪಾಸ್ಟರ್ ಒಳ್ಳೆಯವರು, ಅವರಿಗೆ ಆ ಗತಿ ಬರಬಾರದು" ಅಂದರು. ನನಗೂ ಅದೇ. ನನ್ನ ಅಪ್ಪ ಆಸ್ಪತ್ರೆಯಲ್ಲಿದ್ದಾಗ ಹನ್ನೊಂದು ರಾತ್ರಿ ಪಕ್ಕದಲ್ಲಿ ಕೂತವರು ಅವರು. ಅವರ ಎದುರು ನಿಂತು ಲೆಕ್ಕ ಕೇಳುವುದು ಅಂದರೆ ನನಗೆ ಕೈಕಾಲು ಬರುವುದಿಲ್ಲ.

ಆದರೂ ಕೇಳಬೇಕು ಅಂತ ಈಗ ಅನ್ನಿಸುತ್ತಿದೆ. ಮಗನ ಬೋಧನೆ ಸರಿಯಾ, ಅಪ್ಪನದ್ದು ಸರಿಯಾ ಅಂತ ಇಷ್ಟು ದಿನ ನಾವು ಹೊಡೆದಾಡಿದೆವು. ಹಾಲ್ ಯಾರ ಹೆಸರಿನಲ್ಲಿ ಉಂಟು ಅಂತ ನಾನೂರು ಜನರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಲೆಕ್ಕದ ಸರ್, ಅದನ್ನು ತಿಳಿಯುವುದು ಹೇಗೆ? ಪಾಸ್ಟರ್ ಮನೆಯವರಿಗೆ ನೋವಾಗದ ಹಾಗೆ.

ಕೊಡಿಯಾಲ್‌ಬೈಲ್_ಲೆಕ್ಕ:

ಸರ್ವೆ ನಂಬರ್ ಗೊತ್ತಿದ್ದರೆ ಪಹಣಿ ನೋಡಿ, ಆನ್‌ಲೈನಿನಲ್ಲೇ ಸಿಗುತ್ತದೆ. ಆಮೇಲೆ ಕಾವೇರಿ ಪೋರ್ಟಲಿನಲ್ಲಿ ಇಲ್ಲವೇ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಋಣಭಾರ ಪತ್ರಕ್ಕೆ, ಅದೇ ಇಸಿಗೆ, ಅರ್ಜಿ ಹಾಕಿ. ಜಾಗ ಯಾರಿಂದ ಯಾರಿಗೆ ಬಂತು, ರಿಜಿಸ್ಟರ್ ಆದ ಅಡವು ಉಂಟಾ ಅಂತ ಅದರಲ್ಲಿ ಬರುತ್ತದೆ. ಇದಕ್ಕೆ ಯಾರ ಮನೆಯ ಬಾಗಿಲೂ ತಟ್ಟಬೇಕಾಗಿಲ್ಲ.

ಟ್ರಸ್ಟ್ ಪತ್ರ ಮಾತ್ರ ಪಾಸ್ಟರ್ ಹತ್ತಿರ ಕೇಳಿಯೇ ನೋಡಿ. ಮೀಟಿಂಗಿನಲ್ಲಿ ಎಲ್ಲರ ಮುಂದೆ ಬೇಡ. ನಾಳೆ ಸಂಜೆ ಅಮ್ಮನನ್ನು ಕರೆದುಕೊಂಡು ಅವರ ಮನೆಗೆ ಹೋಗಿ. ಆ ಹದಿನಾಲ್ಕು ಜನರಲ್ಲಿ ಅಮ್ಮನೂ ಒಬ್ಬರಲ್ಲವಾ, ಅವರು ಕೇಳಿದರೆ ಕೊಡುತ್ತಾರೆ. ಟ್ರಸ್ಟಿಗಳು ಎಷ್ಟು ಜನ, ಅದರಲ್ಲಿ ಮನೆಯವರು ಎಷ್ಟು, ಒಬ್ಬರು ಹೋದರೆ ಇನ್ನೊಬ್ಬರನ್ನು ಆರಿಸುವವರು ಯಾರು, ಈ ಮೂರು ಸಾಲು ಓದಿ ಬನ್ನಿ. ಪತ್ರದ ಫೋಟೋ ಇಲ್ಲಿ ಹಾಕಬೇಡಿ, ನನಗೆ ಬೇರೆ ಮೆಸೇಜ್ ಮಾಡಿ. ಶನಿವಾರ ರಾತ್ರಿಯೊಳಗೆ ನೋಡಿ ಹೇಳುತ್ತೇನೆ.